ಬೆರಳಿಗೂ ಕಿವಿಗೂ ದಕ್ಕುವ ರೆಕಾರ್ಡರ್ ಆರಿಸುವುದು ಹೇಗೆ?

ಮುಂಬಯಿಯ ಮಾಟುಂಗಾದ ಸಭಾಗೃಹವೊಂದರಲ್ಲಿ ನಡೆದ ತಾಳಮದ್ದಳೆಯನ್ನು ಮುದ್ರಿಸಿಕೊಳ್ಳಲೆಂದು ಕೆಲವು ವರ್ಷಗಳ ಹಿಂದೆ ಕಿಸೆಯಲ್ಲಿ ಹಿಡಿಸುವ ಹೊಸ ರೆಕಾರ್ಡರ್ ಒಂದನ್ನು ಒಯ್ದಿದ್ದೆ. ಭಾಗವತರು ಪದ ಎತ್ತುವ ಹೊತ್ತಿಗೆ ಮುದ್ರಣದ ಗುಂಡಿಯನ್ನು ಒಂದು ಸಲ ಒತ್ತಿ, ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು, ಎರಡೂವರೆ ಗಂಟೆ ಅಲುಗಾಡದೆ ಕುಳಿತೆ. ಮುಲುಂಡಿನ ಮನೆಗೆ ಬಂದು ಕೇಳಹೋದರೆ ಒಂದು ಮಾತೂ ಇರಲಿಲ್ಲ. ಆ ಮಾದರಿಯಲ್ಲಿ ಮೊದಲ ಸಲ ಒತ್ತಿದಾಗ ಯಂತ್ರ ಬರಿದೇ ಸಿದ್ಧವಾಗಿ ನಿಂತು ದೀಪವನ್ನು ಮಿನುಗಿಸುತ್ತದೆ. ಎರಡನೆಯ ಸಲ ಒತ್ತಿದರೆ ಮಾತ್ರ ಮುದ್ರಣ ಶುರುವಾಗುತ್ತದೆ. ದೀಪವನ್ನು ಕಾಣಬಲ್ಲವರಿಗೆ ಇದೊಂದು ಅನುಕೂಲ, ಕಣ್ಣು ಕಾಣದ ನನಗೆ ಮಾತ್ರ ಅದೊಂದು ಖೆಡ್ಡಾ.

ಆದ್ದರಿಂದ ಅಂಧರು ರೆಕಾರ್ಡರ್ ಕೊಳ್ಳುವಾಗ 'ಇದು ಮಾತನಾಡುತ್ತದೆಯೇ' ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು, 'ಈ ಕ್ಷಣದಲ್ಲಿ ಮುದ್ರಣ ನಡೆಯುತ್ತಿದೆಯೋ ಇಲ್ಲವೋ ಎಂಬುದು ನನಗೆ ಹೇಗೆ ತಿಳಿಯುತ್ತದೆ' ಎಂದು.

ಮೊದಲ ಹೆಜ್ಜೆಯಾಗಿ, ಏನನ್ನು ಮುದ್ರಿಸಬೇಕೆಂಬುದನ್ನು ನಿಶ್ಚಯಿಸಿಕೊಳ್ಳಿ. ತರಗತಿಯ ಪಾಠ, ಸಭೆಯ ನಿರ್ಣಯ, ಫೋನ್ ನಂಬರು, ಸಾಮಾನಿನ ಪಟ್ಟಿ ಇಷ್ಟೇ ಆದರೆ ಹೊಸ ಯಂತ್ರದ ಅಗತ್ಯವೇ ಇಲ್ಲದಿರಬಹುದು. ಆಂಡ್ರಾಯ್ಡ್ ಫೋನಿನಲ್ಲಿರುವ ಟಾಕ್‌ಬ್ಯಾಕ್ ಎಂಬ ಸೌಲಭ್ಯ ಪರದೆಯ ಮೇಲಿರುವುದನ್ನು ಕನ್ನಡದಲ್ಲಿಯೇ ಓದಿ ಹೇಳುತ್ತದೆ. ಐಫೋನಿನಲ್ಲಿ ಇಂಥದೇ ಸೌಲಭ್ಯವಾದ ವಾಯ್ಸ್‌ಓವರ್ ಬಳಸುವವರು ವಾಯ್ಸ್ ಮೆಮೋಸ್ ಎಂಬ ಮುದ್ರಣದ ಆ್ಯಪ್ ತೆರೆದು ಎರಡು ಬೆರಳಿನಿಂದ ಎರಡು ಸಲ ತಟ್ಟಿದರೆ ಮುದ್ರಣ ಆರಂಭವಾಗುತ್ತದೆ, ಮತ್ತೆ ತಟ್ಟಿದರೆ ನಿಲ್ಲುತ್ತದೆ. ಫೋನಿನ ತೊಡಕು ಎರಡು. ಇಯರ್‌ಫೋನ್ ಹಾಕದಿದ್ದರೆ ಓದಿ ಹೇಳುವ ದನಿಯೂ ಮುದ್ರಣದೊಳಗೆ ಸೇರಿಕೊಳ್ಳುತ್ತದೆ. ನಡುವೆ ಯಾರಾದರೂ ಕರೆ ಮಾಡಿದರೆ ಮುದ್ರಣಕ್ಕೆ ಅಡ್ಡಿಯಾಗುತ್ತದೆ. ಯಕ್ಷಗಾನ, ಸಂಗೀತ, ಹಿರಿಯರ ದೀರ್ಘ ಸಂದರ್ಶನ ಇಂಥವುಗಳಿಗೆ ಪ್ರತ್ಯೇಕ ರೆಕಾರ್ಡರೇ ಲೇಸು.

ಎರಡನೆಯದಾಗಿ, ಯಂತ್ರವನ್ನು ಕೈಯಲ್ಲಿ ಹಿಡಿದು ಬೆರಳಾಡಿಸಿ ನೋಡಿ. ಬರೀ ನುಣುಪಾದ ಗಾಜಿನ ಪರದೆಯಿದ್ದರೆ ಅದನ್ನು ಅಲ್ಲಿಯೇ ಬಿಟ್ಟುಬಿಡಿ. ಮುದ್ರಣದ ಗುಂಡಿ ಉಳಿದವುಗಳಿಂದ ಆಕಾರದಲ್ಲಾಗಲಿ, ಗಾತ್ರದಲ್ಲಾಗಲಿ, ಇರುವ ಜಾಗದಲ್ಲಾಗಲಿ ಬೇರೆಯಾಗಿರಬೇಕು. ಒಂದು ಸಲ ಒತ್ತಿದರೆ ಆರಂಭ, ಬೇರೊಂದು ಗುಂಡಿಯಿಂದ ನಿಲುಗಡೆ ಎಂಬ ಏರ್ಪಾಡಾದರೆ ಅತ್ಯುತ್ತಮ. ಒಂದೇ ಗುಂಡಿ ಎರಡೂ ಕೆಲಸ ಮಾಡುವುದಾದರೆ ಆರಂಭಕ್ಕೂ ನಿಲುಗಡೆಗೂ ಬೇರೆ ಬೇರೆ ಬೀಪ್ ಸದ್ದು ಬರುತ್ತದೆಯೇ ಎಂದು ಪರೀಕ್ಷಿಸಿ. ಗುರುತು ಸಿಗದ ಗುಂಡಿಯ ಮೇಲೆ ಹಣೆಗಿಡುವ ಸ್ಟಿಕ್ಕರ್ ಬೊಟ್ಟೊಂದನ್ನು ಅಂಟಿಸಿಕೊಳ್ಳುವುದು ನನ್ನ ಹೆಂಡತಿ ಕಲಿಸಿದ ಉಪಾಯ. ಗುಂಡಿಗಳನ್ನು ಬಂಧಿಸುವ ಹೋಲ್ಡ್ ಸ್ವಿಚ್ ಇರಲೇಬೇಕು, ಏಕೆಂದರೆ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಚೀಲದೊಳಗಿನ ಯಂತ್ರ ತಾನಾಗಿಯೇ ಚಾಲೂ ಆಗಿ ದಾದರಿನಿಂದ ಥಾಣೆಯವರೆಗೆ ಗದ್ದಲವನ್ನು ಮುದ್ರಿಸಿಕೊಂಡು ಬಂದದ್ದೂ ಉಂಟು.

ಮೂರನೆಯದು ಧ್ವನಿ ಮಾರ್ಗದರ್ಶನ. ಇದರಲ್ಲಿ ತರತಮಗಳಿವೆ. ಕೆಲವು ಯಂತ್ರಗಳು ಮೆನುವಿನ ಮೇಲಿನ ಹಂತವನ್ನಷ್ಟೇ ನುಡಿದು, ಒಳಗಿನ ಆಯ್ಕೆಗಳಲ್ಲಿ ಮೌನ ತಾಳುತ್ತವೆ. ಕಡತದ ಹೆಸರು, ಉಳಿದ ಜಾಗ, ಸೆಲ್ಲಿನ ಸ್ಥಿತಿ ಇವನ್ನೂ ನುಡಿಯುತ್ತದೆಯೇ, ಅಳಿಸುವ ಮುನ್ನ 'ಅಳಿಸಲೇ' ಎಂದು ಕೇಳುತ್ತದೆಯೇ ಎಂಬುದನ್ನು ಒಂದೊಂದಾಗಿ ನೋಡಬೇಕು. ಒಲಿಂಪಸ್‌ನ ಡಿಎಂ ಸಾಲಿನ ರೆಕಾರ್ಡರುಗಳು ಬಹುಕಾಲ ಅಂಧರ ನೆಚ್ಚಿನವಾಗಿದ್ದದ್ದು ಈ ಗುಣದಿಂದಲೇ. ರೆಕಾರ್ಡರ್ ತಯಾರಿಸುವ ಜೂಮ್ ಕಂಪನಿ 2024ರಲ್ಲಿ ತಂದ ಎಚ್1, ಎಚ್4, ಎಚ್6 ಎಸೆನ್ಷಿಯಲ್ ಎಂಬ ಮೂರು ಮಾದರಿಗಳಲ್ಲಿ ಮೆನುವನ್ನು ಓದಿ ಹೇಳುವ ಸೌಲಭ್ಯವಿದೆ. ದನಿ ಮತ್ತು ಬೀಪ್ ಎರಡೂ ಬೇಕೋ, ಬೀಪ್ ಮಾತ್ರ ಸಾಕೋ ಎಂದು ಆರಿಸಿಕೊಳ್ಳಬಹುದು. ವಿಕ್ಟರ್ ರೀಡರ್ ಸ್ಟ್ರೀಮ್, ಪ್ಲೆಕ್ಸ್‌ಟಾಕ್ ಪಾಕೆಟ್ ಇವು ಅಂಧರಿಗಾಗಿಯೇ ರೂಪಿಸಿದ, ಡೈಸಿ ಎಂಬ ಮಾದರಿಯ ಧ್ವನಿಪುಸ್ತಕಗಳನ್ನು ಓದಿಸುವ ಯಂತ್ರಗಳು. ಇವುಗಳಲ್ಲಿ ಮುದ್ರಣವೂ ಸಾಧ್ಯ. ಟಿಪ್ಪಣಿ ಮಾಡಿಕೊಳ್ಳಲು ಇವುಗಳಷ್ಟು ಸಲೀಸಾದದ್ದು ಬೇರಿಲ್ಲ, ಆದರೆ ಚೆಂಡೆ ಮದ್ದಳೆಯ ಮುಂದಿಡಲು ನಾನಂತೂ ಇವನ್ನು ಆರಿಸೆನು.

ಚೆಂಡೆಯ ಮಾತು ಬಂದದ್ದರಿಂದ ನಾಲ್ಕನೆಯ ಹೆಜ್ಜೆಯಾದ ಧ್ವನಿಮಟ್ಟದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಸಾಮಾನ್ಯ ರೆಕಾರ್ಡರುಗಳಲ್ಲಿ ಮುದ್ರಣಕ್ಕೆ ಮುನ್ನ ಎಷ್ಟು ಜೋರಿನ ಸದ್ದನ್ನು ಒಳಗೆ ಬಿಡಬೇಕೆಂದು ಪರದೆಯ ಮೇಲೆ ಏರಿಳಿಯುವ ಪಟ್ಟಿಯನ್ನು ನೋಡಿ ಹೊಂದಿಸಬೇಕಾಗುತ್ತದೆ. ಅರ್ಥಧಾರಿಯ ಮೆಲುಮಾತಿಗೆ ಹೊಂದಿಸಿದರೆ ಚೆಂಡೆಯ ಪೆಟ್ಟು ಬಿದ್ದಾಗ ದನಿ ಒಡೆದು ಗರಗರವಾಗುತ್ತದೆ. ಚೆಂಡೆಗೆ ಹೊಂದಿಸಿದರೆ ಮಾತು ಬಾವಿಯ ತಳದಿಂದ ಬಂದಂತಿರುತ್ತದೆ. ಒಡೆದ ದನಿಯನ್ನು ಆಮೇಲೆ ಸರಿಪಡಿಸಲು ಬಾರದು. ಮೇಲೆ ಹೇಳಿದ ಎಸೆನ್ಷಿಯಲ್ ಸಾಲಿನಲ್ಲಿರುವ 32 ಬಿಟ್ ಫ್ಲೋಟ್ ಎಂಬ ವಿಧಾನದಲ್ಲಿ ಈ ಹೊಂದಾಣಿಕೆಯೇ ಬೇಡ. ಅತಿ ಮೆಲುವನ್ನೂ ಅತಿ ಜೋರನ್ನೂ ಒಂದೇ ಕಡತ ಹಿಡಿದಿಡುತ್ತದೆ, ಮನೆಗೆ ಬಂದು ಕಂಪ್ಯೂಟರಿನಲ್ಲಿ ಏರಿಸಬಹುದು ಅಥವಾ ಇಳಿಸಬಹುದು. ಮೈಕ್ ತಾಳಲಾರದಷ್ಟು ಜೋರಾದ ಸದ್ದು ಬಂದರೆ ಈ ವಿಧಾನವೂ ಉಳಿಸದು, ಆದಕಾರಣ ಚೆಂಡೆಯ ಪಕ್ಕದಲ್ಲಿಯೇ ಕೂರಬೇಡಿ. ಹಾಗಿದ್ದರೂ, ಮಾತನಾಡುವ ಮೆನುವಿಗಿಂತ ಇದೇ ಅಂಧರಿಗೆ ದೊಡ್ಡ ಉಪಕಾರವೆಂದು ನನ್ನ ಅನಿಸಿಕೆ. ಈ ವಿಧಾನವಿಲ್ಲದ ಯಂತ್ರವನ್ನು ಕೊಳ್ಳುವುದಾದರೆ, ಮುದ್ರಣವಾಗುತ್ತಿರುವಾಗಲೇ ಹೆಡ್‌ಫೋನಿನಲ್ಲಿ ಅದನ್ನು ಕೇಳಲು ಬರುವಂತಿರಬೇಕು. ಆಗ ಪರದೆಯ ಪಟ್ಟಿಯ ಕೆಲಸವನ್ನು ಕಿವಿಯೇ ಮಾಡುತ್ತದೆ.

ಇದಕ್ಕೆ ತೆರಬೇಕಾದ ಬೆಲೆ ಜಾಗ. 48 ಕಿಲೋಹರ್ಟ್ಸ್‌ನಲ್ಲಿ 32 ಬಿಟ್ ಫ್ಲೋಟ್ ಸ್ಟೀರಿಯೋ ಮುದ್ರಣ ಗಂಟೆಗೆ ಸುಮಾರು 1.4 ಜಿಬಿ ತಿನ್ನುತ್ತದೆ. 128 ಕೆಬಿಪಿಎಸ್‌ನ ಎಂಪಿ3 ಕಡತವಾದರೆ ಗಂಟೆಗೆ 58 ಎಂಬಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ರಾತ್ರಿಯಿಡೀ ನಡೆಯುವ ಆಟಕ್ಕೆ 32 ಜಿಬಿಯ ಕಾರ್ಡು ಧಾರಾಳ ಸಾಕು. ಮೈಕ್ರೋ ಎಸ್‌ಡಿ ಕಾರ್ಡು ಉಗುರಿನಷ್ಟೇ ಇರುವುದರಿಂದ ಅದನ್ನು ಹೊರಗೆ ತೆಗೆಯದೆ ಯುಎಸ್‌ಬಿ ತಂತಿಯಿಂದಲೇ ಕಂಪ್ಯೂಟರಿಗೆ ಜೋಡಿಸುವುದು ಕ್ಷೇಮ. ಕೈಜಾರಿ ಬಿದ್ದರೆ ಹುಡುಕಲು ನೆರೆಮನೆಯವರನ್ನು ಕರೆಯಬೇಕಾಗುತ್ತದೆ. ಸೆಲ್ಲಿನ ವಿಚಾರದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ: ಎಲ್ಲ ಅಂಗಡಿಗಳಲ್ಲಿ ಸಿಗುವ ಪೆನ್ಸಿಲ್ ಸೆಲ್ ಹಾಕುವಂಥದ್ದಾದರೆ ಒಳ್ಳೆಯದು.

ಐದನೆಯದಾಗಿ, ಮುದ್ರಿಸಿದ ಮೇಲೆ ಏನು ಮಾಡುವಿರಿ ಎಂದು ಯೋಚಿಸಿ. ಯಂತ್ರ ಕಂಪ್ಯೂಟರಿಗೆ ಪೆನ್‌ಡ್ರೈವಿನಂತೆ ಕಾಣಿಸಿಕೊಂಡರೆ ಸಾಕು, ಕಂಪ್ಯೂಟರಿನ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಕಡತಗಳನ್ನು ತೆರೆದು, ನಕಲು ಮಾಡಿ, ಹೆಸರಿಡಬಹುದು. ತನ್ನದೇ ತಂತ್ರಾಂಶವನ್ನು ಹಾಕಿಕೊಳ್ಳಬೇಕೆಂದು ಹಟ ಹಿಡಿಯುವ ರೆಕಾರ್ಡರ್ ಬೇಡ. ಕಡತದ ಹೆಸರಿನಲ್ಲಿ ದಿನಾಂಕ ಬರುವ ಮಾದರಿಗಳಲ್ಲಿ ಗಡಿಯಾರವನ್ನು ಮೊದಲ ದಿನವೇ ಸರಿಯಾಗಿ ಇಡಿಸಿಕೊಳ್ಳಿ. 32 ಬಿಟ್ ಫ್ಲೋಟ್ ಕಡತಗಳು ಹಳೆಯ ಫೋನುಗಳಲ್ಲಿ ನುಡಿಯದೆ ಹೋಗಬಹುದಾದ್ದರಿಂದ, ನೆಂಟರಿಗೆ ವಾಟ್ಸಾಪ್‌ನಲ್ಲಿ ಕಳುಹಿಸುವ ಮೊದಲು ಎಂಪಿ3ಗೆ ಬದಲಾಯಿಸಿ.

ಇನ್ನು ಕೊಳ್ಳುವ ದಿನ. ಅದಕ್ಕೂ ಮೊದಲು ಬಲ್ಲವರ ಅನುಭವವನ್ನು ಕೇಳಲು ಮುಂಬಯಿಯಲ್ಲಿ ಎರಡು ತಾಣಗಳಿವೆ: 1952ರಲ್ಲಿ ಸ್ಥಾಪನೆಯಾದ, ವರ್ಲಿಯಲ್ಲಿರುವ ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್ ಮತ್ತು ಸೇಂಟ್ ಝೇವಿಯರ್ಸ್ ಕಾಲೇಜಿನೊಳಗೆ 2003ರಲ್ಲಿ ಆರಂಭವಾದ ದೃಷ್ಟಿಹೀನರ ಸಂಪನ್ಮೂಲ ಕೇಂದ್ರ. ಆಮೇಲೆ ಗ್ರಾಂಟ್ ರೋಡ್ ಸ್ಟೇಷನ್ನಿಗೆ ಹತ್ತಿರವಾದ ಲ್ಯಾಮಿಂಗ್ಟನ್ ರಸ್ತೆಗೆ, ಜನಸಂದಣಿ ಕಡಿಮೆಯಿರುವ ಮಧ್ಯಾಹ್ನದಲ್ಲಿ ಹೋಗಿ. ಅಂಗಡಿಯವರು ಜೊತೆಗೆ ಬಂದ ಕಾಣುವವರಿಗೇ ಎಲ್ಲವನ್ನೂ ವಿವರಿಸತೊಡಗುತ್ತಾರೆ. ಯಂತ್ರವನ್ನು ಬಳಸುವವರು ತಾವೆಂದು ಹೇಳಿ ಅದನ್ನು ಕೈಗೆ ತೆಗೆದುಕೊಳ್ಳಿ. ಧ್ವನಿ ಮಾರ್ಗದರ್ಶನವನ್ನು ಅಲ್ಲಿಯೇ ಚಾಲೂ ಮಾಡಿಸಿ. ಬಳಿಕ ಯಾರ ಸಹಾಯವನ್ನೂ ಪಡೆಯದೆ ಯಂತ್ರವನ್ನು ಬಂದ್ ಮಾಡಿ, ಮತ್ತೆ ಚಾಲೂ ಮಾಡಿ, ಒಂದು ನಿಮಿಷ ಮುದ್ರಿಸಿ, ನಿಲ್ಲಿಸಿ, ಕೇಳಿ, ಆ ಒಂದು ಕಡತವನ್ನು ಮಾತ್ರ ಅಳಿಸಿ. ಇಷ್ಟನ್ನೂ ಎರಡು ಸಲ ತಪ್ಪಿಲ್ಲದೆ ಮಾಡಲು ಬಂದರೆ ಹಣ ಕೊಟ್ಟು, ಭಾರತದ ವಾರಂಟಿ ಇದೆಯೆಂದು ಬಿಲ್ಲಿನ ಮೇಲೆ ಬರೆಸಿಕೊಂಡು ಬನ್ನಿ.