ಬಾಹ್ಯಾಕಾಶ ಯೋಧನ ಕವಚವನ್ನು ಮೈಗೆ ಹೊಂದಿಸುವುದು ಹೇಗೆ?

ಕಾಲೇಜು ಉತ್ಸವದ ವೇಷಸ್ಪರ್ಧೆಗೆಂದು ತರಿಸಿದ ಬಾಹ್ಯಾಕಾಶ ಯೋಧನ ಕವಚದ ಕಿಟ್‌ಗಳು ಕೆಟ್ಟು ಮೂಲೆ ಸೇರಿದ್ದನ್ನು ನಾನು ಮೈಸೂರಿನಲ್ಲೇ ನಾಲ್ಕು ಮನೆಗಳಲ್ಲಿ ಕಂಡಿದ್ದೇನೆ. ನಾಲ್ಕೂ ಕಡೆ ತಪ್ಪು ನಡೆದದ್ದು ಒಂದೇ ಹಂತದಲ್ಲಿ: ತುಂಡುಗಳನ್ನು ಮೈಗೆ ಅಳೆದು ಕತ್ತರಿಸಿ ಕೂಡಿಸುವುದರಲ್ಲಿ. ಪೆಟ್ಟಿಗೆ ಬಂದ ದಿನ ಸಂಜೆಯೇ ಅಚ್ಚಿನ ಗೆರೆ ನೋಡಿಕೊಂಡು ಕತ್ತರಿಸಿ, ಕ್ಷಣದಲ್ಲಿ ಹಿಡಿಯುವ ಅಂಟು ಹಾಕಿ ಕೂಡಿಸಿಬಿಟ್ಟಿದ್ದರು. ಒಬ್ಬ ಹುಡುಗನ ಮುಂಗೈ ಕವಚ ಮೊಣಕೈ ಬಳಿ ಸಿಕ್ಕಿಕೊಂಡಿತು. ಇನ್ನೊಬ್ಬನ ತೊಡೆಯ ಕವಚ ಮೂರು ಹೆಜ್ಜೆ ಇಡುವಷ್ಟರಲ್ಲಿ ಹೊಲಿಗೆ ಬಿಟ್ಟ ಹಾಗೆ ಉದ್ದಕ್ಕೂ ಬಾಯಿಬಿಟ್ಟಿತು. ಆದ್ದರಿಂದ ಈ ಲೇಖನದ ಹೆಚ್ಚಿನ ಪಾಲು ಆ ಒಂದು ಹಂತಕ್ಕೇ ಮೀಸಲು.

ಮೊದಲು ಕಿಟ್ ಎಂದರೇನು ಎಂಬುದು ತಿಳಿದಿರಬೇಕು. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಬಿಳಿ ಸೈನಿಕರ ಕವಚಗಳು ತಯಾರಾದ ವಿಧಾನದಲ್ಲೇ ಇಂದಿನ ಉತ್ತಮ ಕಿಟ್‌ಗಳೂ ತಯಾರಾಗುತ್ತವೆ. ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಅಚ್ಚಿನ ಮೇಲೆ ಹಾಸಿ, ಕೆಳಗಿನಿಂದ ಗಾಳಿಯನ್ನು ಎಳೆದುಕೊಂಡರೆ ಹಾಳೆ ಅಚ್ಚಿನ ರೂಪವನ್ನು ತಾಳುತ್ತದೆ. ಹೀಗೆ ತೆಗೆದ ತುಂಡಿನ ಸುತ್ತ ಒಂದಷ್ಟು ಹೆಚ್ಚುವರಿ ಪ್ಲಾಸ್ಟಿಕ್ ಉಳಿದಿರುತ್ತದೆ. ಅದು ತಯಾರಕರ ಅಜಾಗರೂಕತೆಯಲ್ಲ. ಕೊಳ್ಳುವವರು ತೆಳ್ಳಗಿದ್ದಾರೋ ದಪ್ಪಗಿದ್ದಾರೋ ತಿಳಿಯದ ಕಾರಣ ಎಲ್ಲರಿಗೂ ಸಾಲಲೆಂದು ಬಿಟ್ಟದ್ದು. ಎಲ್ಲಿ ಕತ್ತರಿಸಬೇಕು ಎಂಬುದನ್ನು ಅಚ್ಚಿನ ಗೆರೆಯಲ್ಲ, ತೊಡುವವರ ಮೈ ನಿರ್ಧರಿಸಬೇಕು. ಕೊಳ್ಳುವಾಗ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಒತ್ತಿದರೆ ಮೊಟ್ಟೆಯ ಸಿಪ್ಪೆಯಂತೆ ಬಿರಿಯುವ ಅಗ್ಗದ ಹಾಳೆಯಲ್ಲಿ ಮಾಡಿದ ಕಿಟ್‌ಗಳೂ ಮಾರಾಟವಾಗುತ್ತಿವೆ. ಅವು ಎಷ್ಟೇ ಅಗ್ಗವಾದರೂ ಬೇಡ.

ತುಂಡುಗಳನ್ನು ನೆಲದ ಮೇಲೆ ಮನುಷ್ಯಾಕಾರದಲ್ಲಿ ಜೋಡಿಸಿ, ಪ್ರತಿಯೊಂದರ ಒಳಮೈಗೆ ಎಡ, ಬಲ, ಮುಂದೆ, ಹಿಂದೆ ಎಂದು ಪೆನ್ಸಿಲ್ಲಿನಲ್ಲಿ ಬರೆಯಿರಿ. ಬಳಿಕ ಹೊರಗಿನ ದೊಡ್ಡ ಅಂಚನ್ನು ಮಾತ್ರ ತೆಗೆಯಿರಿ. ಇದಕ್ಕೆ ಗರಗಸ ಬೇಡ. ಸ್ಟೀಲ್ ಸ್ಕೇಲ್ ಇಟ್ಟು ಕಟ್ಟರ್ ಬ್ಲೇಡಿನಿಂದ ಒಂದೇ ಗೆರೆಯ ಮೇಲೆ ನಾಲ್ಕೈದು ಬಾರಿ ಹಗುರವಾಗಿ ಗೀರಿ, ಆ ಕಡೆ ಈ ಕಡೆ ಬಾಗಿಸಿದರೆ ಎಬಿಎಸ್ ಗೆರೆಯುದ್ದಕ್ಕೂ ನೇರವಾಗಿ ಮುರಿಯುತ್ತದೆ. ಕತ್ತರಿಸಿ ಉಳಿದ ಚೂರುಗಳನ್ನು ಎಸೆಯಬೇಡಿ, ಮುಂದೆ ಬೇಕಾಗುತ್ತವೆ.

ಈಗ ಆ ಹಂತಕ್ಕೆ ಬರೋಣ. ತೋಳು, ಮುಂಗೈ, ತೊಡೆ, ಕಣಕಾಲು ಇವೆಲ್ಲ ತಲಾ ಎರಡು ಹೋಳುಗಳಾಗಿ ಬರುತ್ತವೆ. ಮುಂಗೈಯಿಂದ ಆರಂಭಿಸಿ, ಏಕೆಂದರೆ ಅದು ಚಿಕ್ಕದು, ಕೈ ಪಳಗುತ್ತದೆ. ಒಳಗೆ ತೊಡುವ ಕಪ್ಪು ಅಂಗಿಯನ್ನು ಧರಿಸಿಯೇ ಅಳತೆ ತೆಗೆಯಬೇಕು. ಬರಿಮೈಯ ಅಳತೆ ಯಾವಾಗಲೂ ಮೋಸ ಮಾಡುತ್ತದೆ. ಮುಂಗೈಯ ಅತಿ ದಪ್ಪ ಭಾಗಕ್ಕೆ ಡ್ರಾಯಿಂಗ್ ಹಾಳೆಯನ್ನು ಸುತ್ತಿ, ಮುಷ್ಟಿ ಬಿಗಿದು, ಹಾಳೆಗೂ ಕೈಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗ ಬಿಟ್ಟು ಗುರುತು ಹಾಕಿ. ಆ ಸುತ್ತಳತೆ 29 ಸೆಂಟಿಮೀಟರ್ ಬಂತು ಎನ್ನೋಣ. ಕಿಟ್‌ನ ಎರಡು ಹೋಳುಗಳನ್ನು ಅದೇ ಜಾಗದಲ್ಲಿ ಅಳೆದು ಕೂಡಿಸಿದಾಗ 33 ಸೆಂಟಿಮೀಟರ್ ಬಂದರೆ ಹೆಚ್ಚುವರಿ 4 ಸೆಂಟಿಮೀಟರ್. ಎರಡು ಹೋಳುಗಳಿಗೆ ಒಟ್ಟು ನಾಲ್ಕು ಅಂಚುಗಳಿರುವುದರಿಂದ ಪ್ರತಿ ಅಂಚಿನಿಂದ 1 ಸೆಂಟಿಮೀಟರ್ ತೆಗೆಯಬೇಕಾಗುತ್ತದೆ. ಇಡೀ 4 ಸೆಂಟಿಮೀಟರನ್ನು ಒಂದೇ ಕಡೆಯಿಂದ ಕತ್ತರಿಸಿದರೆ ಕವಚದ ಮೇಲಿನ ಉಬ್ಬುಗೆರೆಗಳು ಪಕ್ಕಕ್ಕೆ ಸರಿದು, ಕೈ ತಿರುಚಿಕೊಂಡಂತೆ ಕಾಣುತ್ತದೆ.

ಲೆಕ್ಕ 1 ಸೆಂಟಿಮೀಟರ್ ಬಂದರೂ ಮೊದಲ ದಿನ 7 ಮಿಲಿಮೀಟರ್ ಮಾತ್ರ ತೆಗೆಯಿರಿ. ಹೋಳುಗಳನ್ನು ಮಾಸ್ಕಿಂಗ್ ಟೇಪಿನಿಂದ ಬಂಧಿಸಿ, ತೊಟ್ಟುಕೊಂಡು ಕೈ ಮಡಚಿ ನೋಡಿ, ಹಾಗೆಯೇ ರಾತ್ರಿ ಬಿಡಿ. ಮರುದಿನ ಮತ್ತೆ ತೊಟ್ಟು, ಉಳಿದದ್ದನ್ನು ತೆಗೆಯಿರಿ. ತೊಡೆಯ ಕವಚವನ್ನು ಟೇಪ್ ಹಾಕಿದ ಸ್ಥಿತಿಯಲ್ಲೇ ತೊಟ್ಟು ಮನೆಯ ಮೆಟ್ಟಿಲನ್ನು ಹತ್ತಿ ಇಳಿಯಬೇಕು. ಮೊಣಕಾಲಿನ ಹಿಂದೆ ಚುಚ್ಚಿದ ಜಾಗವನ್ನು ಪೆನ್ಸಿಲ್ಲಿನಿಂದ ಗುರುತಿಸಿ ಅಷ್ಟನ್ನೇ ಉಪ್ಪುಕಾಗದದಿಂದ ತಿಕ್ಕಿ ಇಳಿಸಬೇಕು. ಕಣಕಾಲಿನ ಕವಚವನ್ನು ಹಿಂಬದಿಯಲ್ಲಿ ಎಂದಿಗೂ ಅಂಟಿಸಬೇಡಿ. ಪಾದ ಅದರೊಳಗೆ ತೂರುವುದಿಲ್ಲ. ಅಲ್ಲಿ ವೆಲ್ಕ್ರೋ ಪಟ್ಟಿಯೇ ಸರಿ.

ಅಂಚಿನ ಮೇಲೆ ಅಂಚನ್ನು ಹೇರಿ ಅಂಟಿಸುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಅಂಚಿಗೆ ಅಂಚು ತಾಗಿಸಿ, ಒಳಗಡೆ ಉಳಿದ ಚೂರಿನಿಂದ ಕತ್ತರಿಸಿದ ಅಗಲವಾದ ಪಟ್ಟಿಯನ್ನೂ, ಹೊರಗಡೆ ಕೈಗೆ 15 ಮಿಲಿಮೀಟರ್, ಕಾಲಿಗೆ 20 ಮಿಲಿಮೀಟರ್ ಅಗಲದ ಪಟ್ಟಿಯನ್ನೂ ಕೂರಿಸಿದರೆ ಬೆಸುಗೆ ಗಟ್ಟಿಯಾಗಿಯೂ ನೋಡಲು ನೇರವಾಗಿಯೂ ಇರುತ್ತದೆ. ಅಂಟಿನ ವಿಷಯದಲ್ಲಿ ನನ್ನ ಮಾತು ಖಚಿತ: ಇ-6000 ಎಂಬ ಅಂಟನ್ನೇ ಬಳಸಿ. ಅದು ಪೂರ್ತಿ ಒಣಗಲು 24ರಿಂದ 72 ಗಂಟೆ ಬೇಕು, ಆದರೆ ಒಣಗಿದ ಮೇಲೂ ರಬ್ಬರಿನಂತೆ ಬಾಗುತ್ತದೆ, ಅಳತೆ ತಪ್ಪಿದ್ದರೆ ಎಳೆದು ಬಿಡಿಸಿ ಮತ್ತೆ ಅಂಟಿಸಬಹುದು. ಕ್ಷಣದಲ್ಲಿ ಹಿಡಿಯುವ ಅಂಟು ಗಾಜಿನಂತೆ ಗಡುಸಾಗಿ ನಡೆಯುವ ಅದುರಿಗೆ ಸಿಡಿಯುತ್ತದೆ, ಸುತ್ತಲೂ ಬಿಳಿ ಮಬ್ಬನ್ನೂ ಬಿಡುತ್ತದೆ. ಅಂಟು ಒಣಗುವವರೆಗೆ ಒಳಗೊಂದು ಹೊರಗೊಂದು ಜೋಡಿ ಅಯಸ್ಕಾಂತಗಳನ್ನು ಎರಡೆರಡು ಅಂಗುಲಕ್ಕೆ ಒಂದರಂತೆ ಇಟ್ಟು ಬಿಗಿಹಿಡಿಯಿರಿ. ಕಿಟಕಿಗಳು ತೆರೆದಿರಲಿ, ಅದರ ಆವಿ ಒಳ್ಳೆಯದಲ್ಲ.

ಎಲ್ಲಾದರೂ ಬಾಗು ತಿದ್ದಬೇಕಾದರೆ ಹೀಟ್ ಗನ್ ಮುಟ್ಟಬೇಡಿ. ಅದರ ಗಾಳಿ ಹಲವು ನೂರು ಡಿಗ್ರಿ ಇರುವುದರಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಗುಳ್ಳೆ ಏಳುತ್ತದೆ. ಎಬಿಎಸ್ ಪೂರ್ತಿ ಮೆತ್ತಗಾಗುವುದು ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗಾಗಿ ಅಗಲವಾದ ಪಾತ್ರೆಯಲ್ಲಿ ಕುದಿಯುವ ನೀರಿಗೆ ಅಂಚನ್ನಷ್ಟೇ ಅದ್ದಿದರೆ ಅದು ಕರಗದೆ ಬಾಗುವಷ್ಟು ಮಾತ್ರ ಸಡಿಲಗೊಳ್ಳುತ್ತದೆ. ದಪ್ಪ ಕೈಗವಸು ತೊಟ್ಟು, ಬಾಗಿಸಿ, ಹಾಗೆಯೇ ಹಿಡಿದು ತಣ್ಣೀರಿಗೆ ಇಳಿಸಿ.

ಸಂದಿಗಳಿದ್ದರೆ ಎತ್ತಿಟ್ಟ ಚೂರುಗಳನ್ನು ಖಾಲಿ ಉಪ್ಪಿನಕಾಯಿ ಗಾಜಿನ ಬಾಟಲಿಯಲ್ಲಿ ಅಸಿಟೋನಿನೊಂದಿಗೆ ಒಂದು ರಾತ್ರಿ ನೆನೆಹಾಕಿ. ದೋಸೆಹಿಟ್ಟಿನ ಹದಕ್ಕೆ ಬಂದ ಆ ಲೇಪ ಕವಚದೊಂದಿಗೆ ಒಂದಾಗಿ ಬೆರೆಯುತ್ತದೆ. ಆರಿದಂತೆ ಅದು ಕುಗ್ಗುವುದರಿಂದ ತೆಳುವಾಗಿ ಎರಡು ಮೂರು ಸಲ ಹಚ್ಚಬೇಕು. ಅಸಿಟೋನ್ ಹೀಗೆ ಎಬಿಎಸ್ ಅನ್ನು ಕರಗಿಸುವುದರಿಂದ ಉಗುರುಬಣ್ಣ ತೆಗೆಯುವ ದ್ರವದಿಂದ ಕವಚವನ್ನು ಒರೆಸಬಾರದು. ಹಲವು ಬಾಟಲಿಗಳಲ್ಲಿ ಇರುವುದು ಅಸಿಟೋನೇ. ಉಪ್ಪುಕಾಗದವನ್ನು ಒದ್ದೆ ಮಾಡಿ ತಿಕ್ಕಿ, ಧೂಳು ಏಳದು. ಬಿಳಿ ಎಬಿಎಸ್‌ಗೆ ಬಣ್ಣ ಬಳಿಯುವ ಅಗತ್ಯವೇ ಇಲ್ಲ. ಕಾರಿಗೆ ಹಚ್ಚುವ ಪಾಲಿಷ್ ಸಾಕು.

ಪಟ್ಟಿ ಕಟ್ಟುವುದನ್ನು ಮಂಡ್ಯ ಕಡೆಯ ಪೌರಾಣಿಕ ನಾಟಕಗಳಿಗೆ ವೇಷ ಕಟ್ಟುವವರಿಂದ ಕಲಿಯಬೇಕು. ಭುಜಕೀರ್ತಿಯನ್ನು ಅವರು ತೋಳಿಗೆ ಬಿಗಿಯುವುದಿಲ್ಲ, ಹೆಗಲಿನಿಂದ ಲಾಡಿ ಹಾಕಿ ಇಳಿಬಿಡುತ್ತಾರೆ. ಕೈ ಎತ್ತಿದರೂ ಅದು ಕುತ್ತಿಗೆಗೆ ತಾಗುವುದಿಲ್ಲ. ಇಲ್ಲಿಯೂ ಹಾಗೆಯೇ. ಎದೆಯಿಂದ ಹೆಗಲಿನ ತುಂಡು, ಹೆಗಲಿನಿಂದ ತೋಳು ಎಂದು ಒಂದಕ್ಕೊಂದು ಎಲಾಸ್ಟಿಕ್‌ನಲ್ಲಿ ತೂಗಬೇಕು. ತೊಡೆಯ ಕವಚದ ಭಾರ ಸೊಂಟದ ಬೆಲ್ಟಿನ ಮೇಲೆ ಬೀಳಬೇಕು. ಎಲಾಸ್ಟಿಕ್‌ನ ತುದಿಗೆ ಟಿಚ್ ಬಟನ್ ಹಾಕಿಸಿ, ಕವಚದ ಒಳಗೆ ಅಂಟಿಸಿದ ನೈಲಾನ್ ಪಟ್ಟಿಯ ಮೇಲೆ ಅದರ ಜೊತೆಯದನ್ನು ಕೂರಿಸಿದರೆ ಬಿಚ್ಚುವುದೂ ತೊಡುವುದೂ ಸುಲಭ. ಬಟನ್ ಒತ್ತುವ ಕೆಲಸವನ್ನು ಯಾವ ದರ್ಜಿಯಾದರೂ ಮಾಡಿಕೊಡುತ್ತಾರೆ.

ಶಿರಸ್ತ್ರಾಣದೊಳಗೆ 5 ವೋಲ್ಟ್‌ನ ಪುಟ್ಟ ಕಂಪ್ಯೂಟರ್ ಫ್ಯಾನನ್ನು ಪವರ್ ಬ್ಯಾಂಕಿಗೆ ಜೋಡಿಸಿ ಕೂರಿಸಿ. ಕಣ್ಣಿನ ಮುಂದಿನ ಗಾಜಿಗೆ ಆವಿ ಕಟ್ಟುವುದನ್ನು ತಡೆಯಲು ಅದು ಹಣೆಯ ಕಡೆಗೆ ಗಾಳಿ ಬೀಸುವಂತಿರಲಿ. ಕವಚವನ್ನು ತೊಟ್ಟು ಕೂರಲಾಗದು ಎಂಬುದನ್ನು ಮೊದಲೇ ಅರಿತು, ಬಿಚ್ಚಲು ನೆರವಾಗುವ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅವರ ಚೀಲದಲ್ಲಿ ಒಂದು ಗಜ ಎಲಾಸ್ಟಿಕ್, ನಾಲ್ಕು ಟಿಚ್ ಬಟನ್, ಬಿಳಿ ಟೇಪ್, ಎರಡು ಬಾಟಲಿ ನೀರು ಇರಲಿ. ಕಾರ್ಯಕ್ರಮ ಮುಗಿದ ಮೇಲೆ ಬೆವರನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಿಸಿಲು ಬೀಳದ ಕೋಣೆಯಲ್ಲಿ ಇಡಿ. ಬಿಸಿಲಿಗೆ ಬಿಳಿ ಎಬಿಎಸ್ ಹಳದಿಗೆ ತಿರುಗುತ್ತದೆ. ಏಪ್ರಿಲ್ ತಿಂಗಳಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಂತೂ ಒಂದು ಮಧ್ಯಾಹ್ನವೂ ಬಿಡಬೇಡಿ.