ಅಮೆರಿಕದ ಕನ್ನಡ ಶಾಲೆಗೆ ಸರ್ಕಾರಿ ಗ್ರಾಂಟ್: ಅರ್ಜಿ ಬರೆಯುವ ಮೊದಲು ನೋಡಬೇಕಾದ್ದು

ಅಮೆರಿಕದ ಯಾವ ಊರಿನ ಕನ್ನಡ ಶಾಲೆಯಾದರೂ ಸರಿ, ಸಮಿತಿಗೆ ಹೊಸಬರು ಸೇರಿದ ವರ್ಷ ಒಂದು ಮಾತು ಬಂದೇ ಬರುತ್ತದೆ: "ಇಲ್ಲಿ ಸರ್ಕಾರ ಭಾಷೆ ಕಲಿಸೋಕೆ ದುಡ್ಡು ಕೊಡುತ್ತಂತಲ್ಲ, ನಾವ್ಯಾಕೆ ಅರ್ಜಿ ಹಾಕಬಾರದು?" ಹಾಕಲೇಬೇಕು. ಪೋಷಕರ ಫೀಸು, ಯುಗಾದಿ ಕಾರ್ಯಕ್ರಮದ ಟಿಕೆಟ್ ಹಣ ಇಷ್ಟನ್ನೇ ನಂಬಿ ಕೊಠಡಿ ಬಾಡಿಗೆ ಕಟ್ಟುತ್ತ ಎಷ್ಟು ವರ್ಷ ನಡೆಸುವುದು? ಆದರೆ ಬೇರೆ ಬೇರೆ ಊರಿನ ಶಾಲೆಗಳ ಅರ್ಜಿಗಳನ್ನು ಓದಿಕೊಡುತ್ತ ಬಂದ ನನಗೆ ಒಂದೇ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ: ಪ್ರತಿ ವರ್ಷ ತೆರಿಗೆ ಇಲಾಖೆಗೆ ಸಲ್ಲಿಸಬೇಕಾದ ಫಾರ್ಮ್ ಮರೆತು, ಶಾಲೆಯ ತೆರಿಗೆ ವಿನಾಯಿತಿಯನ್ನೇ ಕಳೆದುಕೊಳ್ಳುವುದು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಪ್ರಸ್ತಾವ ಬರೆಯುವುದು, ಬಜೆಟ್ ಹಾಕುವುದು ಇವನ್ನೆಲ್ಲ ಆಫೀಸಿನಲ್ಲಿ ದಿನಬೆಳಗಾದರೆ ಮಾಡುವ ನಮ್ಮವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಮೊದಲು, ಯಾವ ಹಣ ನಿಮ್ಮದಲ್ಲ ಎಂಬುದನ್ನು ತಿಳಿದುಕೊಳ್ಳಿ. ವಿದೇಶಿ ಭಾಷೆಗೆ ಅಮೆರಿಕದ ಕೇಂದ್ರ ಸರ್ಕಾರದ ಗ್ರಾಂಟ್ ಎಂದು ಹುಡುಕಿದರೆ ಮೊದಲು ಸಿಗುವುದು ಟೈಟಲ್ ಸಿಕ್ಸ್. ಸೋವಿಯತ್ ಒಕ್ಕೂಟ 1957ರಲ್ಲಿ ಸ್ಪುಟ್ನಿಕ್ ಉಪಗ್ರಹ ಹಾರಿಸಿದ ಗಾಬರಿಯಲ್ಲಿ, 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯ ಮೂಲಕ ಶುರುವಾದ ಯೋಜನೆ ಇದು. ಈಗ ಉನ್ನತ ಶಿಕ್ಷಣ ಕಾಯ್ದೆಯಡಿ ಇದೆ. ವಿಶ್ವವಿದ್ಯಾಲಯಗಳಲ್ಲಿರುವ ನ್ಯಾಷನಲ್ ರಿಸೋರ್ಸ್ ಸೆಂಟರ್ ಎಂಬ ಅಧ್ಯಯನ ಕೇಂದ್ರಗಳು, ವಿದೇಶಿ ಭಾಷೆ ಕಲಿಯುವ ವಿದ್ಯಾರ್ಥಿಗಳಿಗೆ ಕೊಡುವ ಫ್ಲಾಸ್ ಫೆಲೋಶಿಪ್‌ಗಳು ಇದರ ಕೂಸುಗಳೇ. ಕಡಿಮೆ ಕಲಿಸಲಾಗುವ ಭಾಷೆಗಳ ಸಾಲಿನಲ್ಲಿ ಕನ್ನಡಕ್ಕೂ ಇಲ್ಲಿ ಜಾಗವಿದೆ. ಆದರೆ ಅರ್ಜಿ ಹಾಕಬೇಕಾದ್ದು ವಿಶ್ವವಿದ್ಯಾಲಯಗಳು. ಶನಿವಾರ ಬೆಳಿಗ್ಗೆ ನಡೆಯುವ ನಮ್ಮ ಶಾಲೆಗೆ ಆ ಬಾಗಿಲು ತೆರೆಯುವುದಿಲ್ಲ. ಇನ್ನೊಂದು ಸ್ಟಾರ್‌ಟಾಕ್. 2006ರಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಘೋಷಿಸಿದ ರಾಷ್ಟ್ರೀಯ ಭದ್ರತಾ ಭಾಷಾ ಯೋಜನೆಯ ಭಾಗವಾಗಿ ಬಂದದ್ದು. ಅರೇಬಿಕ್, ಚೀನೀ, ರಷ್ಯನ್ ಜೊತೆಗೆ ಹಿಂದಿ, ಉರ್ದುಗಳಿಗೂ ಅದರಲ್ಲಿ ಬೇಸಿಗೆ ಶಿಬಿರಗಳು ನಡೆದವು. ಕನ್ನಡ ಆ ಪಟ್ಟಿಯಲ್ಲಿಲ್ಲ. ದೇಶದ ಭದ್ರತೆಗೆ ಬೇಕಾದ ಭಾಷೆ ಯಾವುದು ಎಂದು ಅವರು ಲೆಕ್ಕ ಹಾಕುತ್ತಾರೆ, ಮನೆಯಲ್ಲಿ ಮಕ್ಕಳು ಆಡುವ ಭಾಷೆ ಯಾವುದು ಎಂದಲ್ಲ. ಇದು ನನಗೆ ಒಪ್ಪಿಗೆಯಾಗುವ ಲೆಕ್ಕವಲ್ಲ, ಆದರೆ ಇರುವುದು ಹೀಗೆ. ಆದ್ದರಿಂದ ಯಾವ ಪ್ರಕಟಣೆ ಕೈಗೆ ಬಂದರೂ ಯಾರು ಅರ್ಹರು ಎಂಬ ಭಾಗವನ್ನೇ ಮೊದಲು ಓದಿ.

ನಮಗೆ ನಿಜಕ್ಕೂ ತೆರೆದಿರುವ ಬಾಗಿಲುಗಳು ಚಿಕ್ಕವು: ಕಲೆಗೆ ನೆರವಾಗುವ ರಾಜ್ಯದ ಆರ್ಟ್ಸ್ ಕೌನ್ಸಿಲ್, ಸಾಹಿತ್ಯ-ಇತಿಹಾಸದಂಥ ವಿಷಯಗಳಿಗೆ ನೆರವಾಗುವ ಹ್ಯುಮ್ಯಾನಿಟೀಸ್ ಕೌನ್ಸಿಲ್, ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಮತ್ತು ಸಿಟಿಯ ಸಮುದಾಯ ಗ್ರಾಂಟ್‌ಗಳು, ಹತ್ತಿರದ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಕೇಂದ್ರದ ಜೊತೆಗೂಡಿ ಮಾಡುವ ಕೆಲಸ. ಕೇಂದ್ರ ಸರ್ಕಾರದ ಕಲಾ ಸಂಸ್ಥೆಯಾದ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್ ತನ್ನ ಗ್ರಾಂಟ್ ಹಣದಲ್ಲಿ 40 ಶೇಕಡವನ್ನು ರಾಜ್ಯ ಮತ್ತು ಪ್ರಾದೇಶಿಕ ಕಲಾ ಸಂಸ್ಥೆಗಳಿಗೇ ಹಂಚುತ್ತದೆ. ಆ ಹಣದಲ್ಲಿ ಬರೀ ಅಕ್ಷರಮಾಲೆ ಕಲಿಸುತ್ತೇವೆಂದರೆ ಗಿಟ್ಟುವುದು ಕಷ್ಟ. ಯಕ್ಷಗಾನ, ಗಮಕ, ನಾಟಕದ ಮೂಲಕ ಕಲಿಸುತ್ತೇವೆಂದರೆ ಮಾತು ಬೇರೆ. ಆದರೆ ನಿಜವಾಗಿ ಹಾಗೆ ಕಲಿಸುವುದಾದರೆ ಮಾತ್ರ ಬರೆಯಿರಿ. ಹ್ಯುಮ್ಯಾನಿಟೀಸ್ ಕಡೆಯ ಹಣವನ್ನು ನಂಬಿ ಬಾಡಿಗೆ ಕರಾರಿಗೆ ಸಹಿ ಹಾಕಬೇಡಿ. 2025ರ ಏಪ್ರಿಲ್‌ನಲ್ಲಿ ರಾಜ್ಯಗಳ ಹ್ಯುಮ್ಯಾನಿಟೀಸ್ ಕೌನ್ಸಿಲ್‌ಗಳಿಗೆ ಬರುತ್ತಿದ್ದ ಕೇಂದ್ರದ ಗ್ರಾಂಟ್‌ಗಳನ್ನು ನಡುವೆಯೇ ರದ್ದು ಮಾಡಿದ್ದು ನೆನಪಿರಲಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಒಂದು ಊರಿನ ಶಾಲೆಯವರು ಕೌಂಟಿ ಗ್ರಾಂಟ್‌ಗೆ ಅರ್ಜಿ ತಯಾರು ಮಾಡಿದ್ದರು. ಲೈಬ್ರರಿಯಿಂದ ಕೊಠಡಿ ಕೊಡುತ್ತೇವೆಂಬ ಪತ್ರ, ಶಿಕ್ಷಕರ ವಿವರ, ಮಕ್ಕಳು ಬರೆದ ಪದ್ಯಗಳ ಪ್ರತಿ, ಎಲ್ಲವೂ ಚೊಕ್ಕವಾಗಿತ್ತು. ಅಧ್ಯಕ್ಷೆ ನನಗೆ ಫೋನ್ ಮಾಡಿ, "ಅಣ್ಣಾ, ಒಂದು ಸಲ ಕಣ್ಣಾಡಿಸಿ ಕೊಡಿ, ನಾಳೆ ಕಡೇ ದಿನ" ಎಂದರು. ನಾನು ಅರ್ಜಿ ಬಿಚ್ಚುವ ಮೊದಲು ಅವರ ಇಐಎನ್ ಸಂಖ್ಯೆಯನ್ನು (ಸಂಸ್ಥೆಯ ತೆರಿಗೆ ಗುರುತಿನ ಸಂಖ್ಯೆ) ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಹುಡುಕಾಟದ ಪುಟದಲ್ಲಿ ಹಾಕಿ ನೋಡಿದೆ. ತೆರಿಗೆ ವಿನಾಯಿತಿ ರದ್ದಾದ ಸಂಸ್ಥೆಗಳ ಪಟ್ಟಿಯಲ್ಲಿ ಶಾಲೆಯ ಹೆಸರಿತ್ತು. ರದ್ದಾಗಿ ವರ್ಷ ದಾಟಿತ್ತು. ರದ್ದಾದ ಪತ್ರ ಹೋದದ್ದು ಹಿಂದಿನ ಅಧ್ಯಕ್ಷರ ಅಪಾರ್ಟ್‌ಮೆಂಟ್ ವಿಳಾಸಕ್ಕೆ, ಅವರು ಬೇರೆ ರಾಜ್ಯಕ್ಕೆ ಹೋಗಿ ಬಹಳ ಕಾಲವಾಗಿತ್ತು. ವಿನಾಯಿತಿ ಇಲ್ಲದ ಮೇಲೆ ಆ ಅರ್ಜಿ ಹೋಗಲೇ ಇಲ್ಲ. ಪೋಷಕರು ಕೊಟ್ಟಷ್ಟಕ್ಕೆ ಅವರ ಕಂಪನಿಗಳೂ ಸೇರಿಸಿ ಕೊಡುತ್ತಿದ್ದ ಮ್ಯಾಚಿಂಗ್ ದೇಣಿಗೆ ಏಕೆ ನಿಂತಿತ್ತು ಎಂಬುದೂ ಅವತ್ತೇ ಅವರಿಗೆ ಗೊತ್ತಾಯಿತು.

ಆಗುವುದು ಹೀಗೆ. ನಿಮ್ಮ ಶಾಲೆ 501(ಸಿ)(3), ಅಂದರೆ ತೆರಿಗೆ ವಿನಾಯಿತಿ ಇರುವ ಸೇವಾ ಸಂಸ್ಥೆಯಾಗಿದ್ದರೆ ಆದಾಯ ಸೊನ್ನೆಯಾದರೂ ಪ್ರತಿ ವರ್ಷ ಐಆರ್‌ಎಸ್‌ಗೆ 990 ಸರಣಿಯ ಒಂದು ಫಾರ್ಮ್ ಸಲ್ಲಿಸಬೇಕು. ತೆರಿಗೆ ಕಟ್ಟಬೇಕಿಲ್ಲ ಎಂದರೆ ಏನನ್ನೂ ಸಲ್ಲಿಸಬೇಕಿಲ್ಲ ಎಂದು ನಮ್ಮವರು ತಿಳಿಯುತ್ತಾರೆ. ಇಡೀ ಅನಾಹುತದ ಬೇರು ಇಲ್ಲಿದೆ. ವಾರ್ಷಿಕ ಒಟ್ಟು ಜಮೆ ಸಾಮಾನ್ಯವಾಗಿ 50,000 ಡಾಲರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ 990-ಎನ್ ಸಾಕು. ಅದು ಆನ್‌ಲೈನಿನಲ್ಲಿ ತುಂಬುವ ಪೋಸ್ಟ್‌ಕಾರ್ಡಿನಷ್ಟು ಚಿಕ್ಕ ಫಾರ್ಮ್: ಸಂಸ್ಥೆಯ ಹೆಸರು, ವಿಳಾಸ, ಇಐಎನ್, ಒಬ್ಬ ಪದಾಧಿಕಾರಿಯ ಹೆಸರು, ಆದಾಯ ಮಿತಿಯೊಳಗಿದೆ ಎಂಬ ಖಾತ್ರಿ, ಇಷ್ಟೇ. ಶುಲ್ಕವಿಲ್ಲ. ಒಂದು ಲೋಟ ಕಾಫಿ ಮುಗಿಯುವುದರೊಳಗೆ ಕೆಲಸ ಆಗುತ್ತದೆ. ಸತತ ಮೂರು ವರ್ಷ ಅದನ್ನು ಸಲ್ಲಿಸದಿದ್ದರೆ 2006ರ ಪೆನ್ಷನ್ ಪ್ರೊಟೆಕ್ಷನ್ ಕಾಯ್ದೆಯ ಪ್ರಕಾರ ವಿನಾಯಿತಿ ತಾನಾಗಿಯೇ ಹೋಗುತ್ತದೆ. ವಿಚಾರಣೆ ಇಲ್ಲ, ಮೇಲ್ಮನವಿ ಇಲ್ಲ. ಮೂರನೇ ವರ್ಷದ ಗಡುವಿನ ದಿನದಿಂದಲೇ ರದ್ದು ಜಾರಿಗೆ ಬರುತ್ತದೆ. ಐಆರ್‌ಎಸ್‌ನ ಅಧಿಕಾರಿಗೆ ನಿಮ್ಮ ಮೇಲೆ ಕರುಣೆ ಬಂದರೂ ನಿಯಮದಂತೆ ಆದ ರದ್ದನ್ನು ವಾಪಸು ಪಡೆಯಲು ಅವರಿಗೆ ಅಧಿಕಾರವಿಲ್ಲ. ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಕೊಟ್ಟ ದೇಣಿಗೆಗೆ ದಾನಿಗಳು ತೆರಿಗೆ ಕಡಿತ ಕೇಳುವಂತಿಲ್ಲ.

ಎರಡು ವರ್ಷ ತಪ್ಪಿದಾಗ ಐಆರ್‌ಎಸ್ ಒಂದು ಎಚ್ಚರಿಕೆ ಪತ್ರ ಕಳಿಸುತ್ತದೆ. ಅದು ಹೋಗುವುದು ಅವರ ಕಡತದಲ್ಲಿರುವ ವಿಳಾಸಕ್ಕೆ. ನಮ್ಮ ಶಾಲೆಗಳಿಗೆ ಸ್ವಂತ ಕಟ್ಟಡವಿಲ್ಲ, ಹಾಗಾಗಿ ಸ್ಥಾಪಕರಲ್ಲಿ ಒಬ್ಬರ ಮನೆ ವಿಳಾಸವೇ ಶಾಲೆಯ ವಿಳಾಸ. ಅವರು ಮನೆ ಬದಲಿಸಿದಾಗ, ಅಧ್ಯಕ್ಷರು ಬದಲಾದಾಗ ಅದನ್ನು ಐಆರ್‌ಎಸ್‌ಗೆ ತಿಳಿಸುವ ಫಾರ್ಮ್ 8822-ಬಿ ಕಳಿಸಬೇಕು. ಜವಾಬ್ದಾರಿ ಹೊತ್ತ ವ್ಯಕ್ತಿ ಬದಲಾದರೆ ಅದಕ್ಕೆ 60 ದಿನಗಳ ಗಡುವಿದೆ. ಈ ಫಾರ್ಮ್‌ನ ಹೆಸರನ್ನೇ ಕೇಳದ ಖಜಾಂಚಿಗಳನ್ನು ನಾನು ಕಂಡಿದ್ದೇನೆ. ಲೆಕ್ಕಪತ್ರದಲ್ಲಿ ಒಂದು ಸೆಂಟೂ ಏರುಪೇರಾಗದಂತೆ ನೋಡಿಕೊಂಡ ಪ್ರಾಮಾಣಿಕರು ಅವರು.

990 ಫಾರ್ಮ್‌ನ ಗಡುವಿನ ಲೆಕ್ಕದಲ್ಲೂ ಒಂದು ಗೊಂದಲವಿದೆ. ಹಣಕಾಸು ವರ್ಷ ಮುಗಿದು ಐದನೇ ತಿಂಗಳ 15ನೇ ತಾರೀಖು ಕಡೇ ದಿನ. ಡಿಸೆಂಬರ್‌ಗೆ ಮುಗಿಯುವ ವರ್ಷವಾದರೆ ಮೇ 15, ಜೂನ್‌ಗೆ ಮುಗಿದರೆ ನವೆಂಬರ್ 15. ಶಾಲೆ ಆಗಸ್ಟ್‌ನಿಂದ ಮೇವರೆಗೆ ನಡೆಯುತ್ತದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ನೋಂದಣಿ ಮಾಡಿದಾಗ ಹಣಕಾಸು ವರ್ಷ ಮುಗಿಯುವುದು ಯಾವ ತಿಂಗಳು ಎಂದು ಬರೆದಿದ್ದರೋ ಅದೇ.

"ನಾವು ಕನ್ನಡ ಕೂಟದ ಕೆಳಗಿದ್ದೇವೆ, ನಮಗೆ ಇದೆಲ್ಲ ಬೇಡ" ಎಂದು ಕೆಲವರು ಹೇಳುತ್ತಾರೆ. ಶಾಲೆ ಕೂಟದ ಒಂದು ಕಾರ್ಯಕ್ರಮ ಮಾತ್ರವಾಗಿದ್ದು, ಅದೇ ಇಐಎನ್ ಬಳಸುತ್ತಿದ್ದರೆ ಆ ಮಾತು ನಿಜ. ಆಗ ಅರ್ಜಿದಾರರು ಶಾಲೆಯಲ್ಲ, ಕೂಟ. ಸಹಿ ಕೂಟದ ಅಧ್ಯಕ್ಷರದ್ದೇ ಆಗಬೇಕು. ಆದರೆ ಶಾಲೆಗೆ ಬ್ಯಾಂಕ್ ಖಾತೆ ತೆಗೆಯಲು ಯಾರೋ ಬೇರೆ ಇಐಎನ್ ಪಡೆದು, ಬೇರೆ ಸಂಸ್ಥೆಯಾಗಿ ನೋಂದಾಯಿಸಿ ವಿನಾಯಿತಿ ಪಡೆದಿದ್ದರೆ, ಫಾರ್ಮ್ ಸಲ್ಲಿಸುವ ಹೊಣೆ ಶಾಲೆಯದೇ. ಈಗಲೇ ಹಳೆಯ ಕಡತ ತೆಗೆಸಿ ನೋಡಿ.

ರದ್ದಾಗಿದ್ದರೆ ದಾರಿ ಇದೆ, ಆದರೆ ಹಣ, ಸಮಯ ಎರಡೂ ಹೋಗುತ್ತವೆ. ವಿನಾಯಿತಿಗಾಗಿ ಐಆರ್‌ಎಸ್‌ಗೆ ಹೊಸದಾಗಿ ಅರ್ಜಿ ಹಾಕಬೇಕು: ಚಿಕ್ಕ ಫಾರ್ಮ್ 1023-ಇಜೆಡ್‌ಗೆ 275 ಡಾಲರ್, ಪೂರ್ಣ 1023ಕ್ಕೆ 600 ಡಾಲರ್. ತೆರಿಗೆ ಕಾನೂನಿನಲ್ಲಿ ಶಾಲೆ ಎಂದು ವರ್ಗೀಕರಣವಾಗುವ ಸಂಸ್ಥೆಗೆ ಚಿಕ್ಕ ಅರ್ಜಿ ನಡೆಯುವುದಿಲ್ಲ. ವಾರಕ್ಕೊಮ್ಮೆಯ ನಿಮ್ಮ ತರಗತಿ ಆ ವರ್ಗಕ್ಕೆ ಬರುತ್ತದೋ ಇಲ್ಲವೋ ಎಂದು ತಿಳಿದವರನ್ನು ಕೇಳಿಯೇ ಮುಂದುವರಿಯಿರಿ. ಸಣ್ಣ ಸಂಸ್ಥೆ, ಮೊದಲ ಸಲದ ರದ್ದು, ಪತ್ರ ಬಂದ ದಿನ ಅಥವಾ ಪಟ್ಟಿಯಲ್ಲಿ ಹೆಸರು ಬಂದ ದಿನ, ಯಾವುದು ಆಮೇಲಿನದೋ ಅಲ್ಲಿಂದ 15 ತಿಂಗಳೊಳಗೆ ಅರ್ಜಿ ಹಾಕಿದರೆ ರದ್ದಾದ ದಿನದಿಂದಲೇ ವಿನಾಯಿತಿ ವಾಪಸು ಬರುತ್ತದೆ. ತಡವಾದರೆ ಮೂರೂ ವರ್ಷ ಏಕೆ ತಪ್ಪಿತು ಎಂಬುದಕ್ಕೆ ಸಮಂಜಸ ಕಾರಣ ಕೊಡಬೇಕು. ಕೊಡಲಾಗದಿದ್ದರೆ ಹೊಸ ಅರ್ಜಿಯ ದಿನದಿಂದ ಮುಂದಕ್ಕೆ ಮಾತ್ರ. ಮೇಲೆ ಹೇಳಿದ ಶಾಲೆಯವರು 15 ತಿಂಗಳು ಮುಗಿಯಲು ಸ್ವಲ್ಪ ಉಳಿದಿರುವಾಗ ಅರ್ಜಿ ಹಾಕಿದರು. ಆ ವರ್ಷದ ಗ್ರಾಂಟ್ ಮಾತ್ರ ಕೈಬಿಟ್ಟು ಹೋಯಿತು.

ಕೇಂದ್ರ ಸರ್ಕಾರದಿಂದ ನೇರವಾಗಿ ಹಣ ಪಡೆಯುವುದಾದರೆ ಇನ್ನೊಂದು ನೋಂದಣಿ ಬೇಕು, ಸರ್ಕಾರದ ಜಾಲತಾಣ ಸ್ಯಾಮ್ ಡಾಟ್ ಗವ್‌ನಲ್ಲಿ. 2022ರ ಏಪ್ರಿಲ್ 4ರಿಂದ ಅಲ್ಲಿ ಸಂಸ್ಥೆಯನ್ನು ಗುರುತಿಸಲು ಬಳಸುತ್ತಿದ್ದ ಹಳೆಯ ಡನ್ಸ್ ಸಂಖ್ಯೆ ಹೋಗಿ 12 ಅಕ್ಷರ-ಅಂಕಿಗಳ ಯುಇಐ ಎಂಬ ಗುರುತು ಬಂದಿದೆ. ಅಲ್ಲಿ ಕೊಡುವ ಹೆಸರು, ವಿಳಾಸ ನಿಮ್ಮ ದಾಖಲೆಗಳಲ್ಲಿರುವಂತೆ ಅಕ್ಷರಶಃ ಇರಬೇಕು. ಒಂದು ಕಡೆ "ಕನ್ನಡ ಸಂಘ", ಇನ್ನೊಂದು ಕಡೆ "ಕನ್ನಡ ಸಂಘ ಇಂಕ್" ಎಂದಿದ್ದರೆ ವಾರಗಟ್ಟಲೆ ಪತ್ರ ವ್ಯವಹಾರ. ನೋಂದಣಿಯನ್ನು ಪ್ರತಿ ವರ್ಷ ನವೀಕರಿಸಬೇಕು. ಇದಕ್ಕೆ ಒಂದು ಪೈಸೆಯೂ ಕೊಡಬೇಕಿಲ್ಲ. ನೋಂದಣಿಯಾದ ಕೂಡಲೇ ಸರ್ಕಾರದ್ದೇ ಎನ್ನುವಂತೆ ಕಾಣುವ ಇಮೇಲ್‌ಗಳು ಬರುತ್ತವೆ, ನೂರಾರು ಡಾಲರ್ ಕೊಡಿ, ಇಲ್ಲವಾದರೆ ನೋಂದಣಿ ಹೋಗುತ್ತದೆ ಎಂದು. ದಯವಿಟ್ಟು ಕಟ್ಟಬೇಡಿ. ವಿಶ್ವವಿದ್ಯಾಲಯದ ಕೆಳಗೆ ಸಬ್‌ಅವಾರ್ಡ್ (ಅವರಿಗೆ ಬಂದ ಗ್ರಾಂಟ್‌ನ ಒಂದು ಪಾಲು) ಪಡೆಯುವುದಾದರೆ ಪೂರ್ತಿ ನೋಂದಣಿ ಬೇಡ, ಯುಇಐ ಒಂದೇ ಸಾಕು. ಸಣ್ಣ ಶಾಲೆಗಳಿಗೆ ಇದೇ ಸುಲಭದ ದಾರಿ ಎಂಬುದು ನನ್ನ ಅಭಿಪ್ರಾಯ.

ಹಣ ಮಂಜೂರಾಯಿತು ಅಂದುಕೊಳ್ಳಿ. ಅನೇಕ ಗ್ರಾಂಟ್‌ಗಳಲ್ಲಿ ಮೊದಲು ನೀವು ಖರ್ಚು ಮಾಡಬೇಕು, ಆಮೇಲೆ ರಸೀದಿ ನೋಡಿ ಕೊಡುತ್ತಾರೆ. ಮೂರು ತಿಂಗಳ ಖರ್ಚಾದರೂ ಖಾತೆಯಲ್ಲಿಲ್ಲದಿದ್ದರೆ ಅಂಥದ್ದಕ್ಕೆ ಕೈ ಹಾಕಬೇಡಿ. ಸಮಪಾಲು ಹಣ ಹೊಂದಿಸಬೇಕಾದ ಕಡೆ ಸ್ವಯಂಸೇವಕ ಶಿಕ್ಷಕರ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿಯಲು ಅನೇಕ ಯೋಜನೆಗಳಲ್ಲಿ ಅವಕಾಶವಿದೆ. ಆದರೆ ಆಯಾ ದಿನವೇ ಸಹಿ ಹಾಕಿಸಿದ ಹಾಜರಿ ಪುಸ್ತಕ ಬೇಕು. ವರ್ಷದ ಕೊನೆಗೆ ಕೂತು ನೆನಪಿನಿಂದ ತುಂಬಿದ್ದು ನಿಲ್ಲುವುದಿಲ್ಲ. ದೇವಸ್ಥಾನದ ಕಟ್ಟಡದಲ್ಲಿ ತರಗತಿ ನಡೆದರೆ ತೊಂದರೆಯಿಲ್ಲ. ಆದರೆ ಕೇಂದ್ರದ ಹಣದಲ್ಲಿ ನಡೆಯುವ ಪಾಠದ ಅವಧಿಯೊಳಗೆ ಪೂಜೆ, ಭಜನೆ ಸೇರಿಸುವಂತಿಲ್ಲ. ಅದನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ, ಮಕ್ಕಳು ಬರುವುದೂ ಬಿಡುವುದೂ ಅವರ ಇಷ್ಟವಾಗಿರಲಿ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ ರಾಜ್ಯಗಳಲ್ಲಿ ಸಮುದಾಯ ಭಾಷಾ ಶಾಲೆಗಳಿಗೆ ಶಿಕ್ಷಣ ಇಲಾಖೆಯೇ ವಿದ್ಯಾರ್ಥಿಗೆ ಇಷ್ಟು ಎಂದು ಲೆಕ್ಕ ಹಾಕಿ ಸಹಾಯಧನ ಕೊಡುತ್ತದೆ. ಸಣ್ಣ ಶಾಲೆಗೆ ಅದೇ ಒಳ್ಳೆಯ ವ್ಯವಸ್ಥೆ. ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆಯಬಲ್ಲವರಿದ್ದ ಶಾಲೆಗೆ ಮಾತ್ರ ಹಣ ಎಂಬಂತಾಗುವುದಿಲ್ಲ. ಆದರೆ ಅಮೆರಿಕದ ಪದ್ಧತಿಯಲ್ಲಿ ನಾನು ಮನಸಾರೆ ಮೆಚ್ಚುವುದೊಂದಿದೆ. ಪ್ರಕಟಣೆಯ ಕೆಳಗೆ ಆ ಗ್ರಾಂಟ್ ನೋಡಿಕೊಳ್ಳುವ ಪ್ರೋಗ್ರಾಮ್ ಆಫೀಸರ್‌ರ ಫೋನ್ ನಂಬರ್ ಇರುತ್ತದೆ, ಕರೆ ಮಾಡಿದರೆ ಮಾತಾಡುತ್ತಾರೆ. ನಮ್ಮವರು ಅದನ್ನು ವಶೀಲಿ ಎಂದುಕೊಂಡು ಹಿಂಜರಿಯುತ್ತಾರೆ. ವಶೀಲಿಯಲ್ಲ, ಪ್ರಶ್ನೆಗೆ ಉತ್ತರಿಸುವುದೇ ಅವರ ಕೆಲಸ. ನಿಮ್ಮ ಯೋಜನೆ ತಮಗೆ ಹೊಂದುತ್ತದೋ ಇಲ್ಲವೋ ಎಂದು ಹತ್ತು ನಿಮಿಷದಲ್ಲಿ ಹೇಳಿಬಿಡುತ್ತಾರೆ. ಅರ್ಜಿ ತಿರಸ್ಕೃತವಾದರೂ ಪರಿಶೀಲಿಸಿದವರ ಟಿಪ್ಪಣಿ ಕೇಳಿ, ಬಹಳ ಕಡೆ ಕೊಡುತ್ತಾರೆ.

ಇನ್ನು ಅಧಿಕಾರ ಹಸ್ತಾಂತರದ ವಿಷಯ. 990-ಎನ್ ಸಲ್ಲಿಸುವ ಖಾತೆ, ಸ್ಯಾಮ್ ಖಾತೆ ಎರಡೂ ಒಬ್ಬ ವ್ಯಕ್ತಿಯ ಲಾಗಿನ್‌ಗೆ ಅಂಟಿಕೊಂಡಿರುತ್ತವೆ. ಹಳೆಯ ಖಜಾಂಚಿಯ ಪಾಸ್‌ವರ್ಡ್ ಕೇಳಿ ಪಡೆದು ಕೆಲಸ ನಡೆಸಬೇಡಿ. ಹೊಸಬರು ತಮ್ಮದೇ ಲಾಗಿನ್ ಮಾಡಿಕೊಳ್ಳಲಿ. ಸ್ಯಾಮ್‌ನಲ್ಲಿ ಯಾವಾಗಲೂ ಇಬ್ಬರು ಆಡಳಿತಗಾರರಿರಲಿ, ಒಬ್ಬರು ಊರು ಬಿಟ್ಟರೂ ಇನ್ನೊಬ್ಬರಿರುತ್ತಾರೆ. ಶಾಲೆಗೆ ಒಂದು ಪಿ.ಓ. ಬಾಕ್ಸ್ ಮಾಡಿಸಿ, ಐಆರ್‌ಎಸ್‌ಗೆ ಆ ವಿಳಾಸ ಕೊಡಿ, ಅದರ ಬೀಗದ ಕೈ ಇಬ್ಬರ ಬಳಿ ಇರಲಿ. ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಮಂಡಿಸುವಾಗ ಆ ವರ್ಷದ 990 ಸ್ವೀಕೃತವಾಗಿದೆ ಎಂಬ ದಾಖಲೆಯನ್ನು ಪರದೆಯ ಮೇಲೆ ತೋರಿಸುವಂತೆ ಖಜಾಂಚಿಯನ್ನು ಕೇಳಿ. ಸಂಕೋಚ ಬೇಡ.