ಡೊಮೇನ್ ತಗೊಳ್ಳುವುದು ಸುಲಭ, ಬಿಡಿಸಿಕೊಂಡು ಬರುವುದೇ ಕಷ್ಟ: ನನ್ನ ಅನುಭವ

ಮೈಸೂರಿನಲ್ಲಿ ಕೂತು ಸಣ್ಣಪುಟ್ಟ ವ್ಯಾಪಾರದವರಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಅಗರಬತ್ತಿಯವರು, ಶ್ರೀರಂಗಪಟ್ಟಣದ ಹೋಮ್‌ಸ್ಟೇ, ಗೋಕುಲಂನ ಯೋಗಶಾಲೆ, ಮಂಡ್ಯ ಕಡೆಯ ಬೆಲ್ಲದವರು, ಇಂಥವರೇ ನನ್ನ ಗಿರಾಕಿಗಳು. ವೆಬ್‌ಸೈಟ್ ಮಾಡುವುದರಲ್ಲಿ ಅಂಥ ತಲೆನೋವೇನಿಲ್ಲ. ತಲೆನೋವು ಬರುವುದು ಅದರ ಹೆಸರಿನಿಂದ, ಅಂದರೆ ಡೊಮೇನ್‌ನಿಂದ.

ರಿಜಿಸ್ಟ್ರಾರ್‌ಗಳು, ಅಂದರೆ ಡೊಮೇನ್ ಮಾರುವ ಕಂಪನಿಗಳು, ದುಡ್ಡು ಜಾಸ್ತಿ ತಗೊಳ್ಳುತ್ತಾರೆ ಅನ್ನುವುದು ಎಲ್ಲರ ದೂರು. ನನ್ನ ದೂರು ಅದಲ್ಲ. ಜಾಸ್ತಿ ಅನ್ನಿಸಿದರೆ ಬೇರೆ ಅಂಗಡಿಗೆ ಹೋಗಬಹುದು, ಅಲ್ವಾ? ಹೋಗುವುದಕ್ಕೇ ಬಿಡದ ಹಾಗೆ ಕಟ್ಟಿಹಾಕುತ್ತಾರಲ್ಲ, ನನಗೆ ಸಿಟ್ಟು ಬರುವುದು ಅದಕ್ಕೆ. ಹಾಗೆ ಕಟ್ಟಿಹಾಕಿದ ಹೆಸರುಗಳನ್ನು ಹೇಗೆ ಬಿಡಿಸಿಕೊಂಡೆ ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಡಾಟ್ ಕಾಮ್ ಹೆಸರುಗಳ ಮೂಲ ಪಟ್ಟಿ ಇಟ್ಟುಕೊಂಡಿರುವುದು ವೆರಿಸೈನ್ ಅನ್ನುವ ಅಮೆರಿಕದ ಕಂಪನಿ. ನಾವು ದುಡ್ಡು ಕೊಡುವ ರಿಜಿಸ್ಟ್ರಾರ್, ಆ ಪಟ್ಟಿಯಲ್ಲಿ ನಮ್ಮ ಹೆಸರು ಬರೆಸುವ ವ್ಯಾಪಾರಿ ಅಷ್ಟೇ. 2024ರ ಸೆಪ್ಟೆಂಬರ್‌ನಿಂದ ವೆರಿಸೈನ್ ಒಂದು ಹೆಸರಿಗೆ ವರ್ಷಕ್ಕೆ 10.26 ಡಾಲರ್ ತಗೊಳ್ಳುತ್ತಿದೆ. ಅದರ ಮೇಲೆ, ಜಗತ್ತಿನ ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಅನ್ನುವ ಮೇಲಿನ ಸಂಸ್ಥೆಗೆ ಕೆಲವು ಸೆಂಟ್. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 900 ರೂಪಾಯಿ, ಆಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಹಾಗಿರುವಾಗ 99 ರೂಪಾಯಿಗೆ ಡಾಟ್ ಕಾಮ್ ಕೊಡುತ್ತೇವೆ ಅಂತ ಯಾರಾದರೂ ಅಂದರೆ, ಅವರು ಕೈಯಿಂದ ದುಡ್ಡು ಹಾಕಿ ಕೊಡುತ್ತಿದ್ದಾರೆ ಅಂತಲೇ ಅರ್ಥ. ಆ ದುಡ್ಡು ಎರಡನೇ ವರ್ಷದ ನವೀಕರಣದಲ್ಲಿ ವಾಪಸ್ ಬರಬೇಕು. ಇಲ್ಲವೇ ಬಿಲ್ ಹಾಕುವ ಪುಟದಲ್ಲಿ ಆಗಲೇ ಬರಬೇಕು.

ಆ ಬಿಲ್ ಪುಟ ಒಮ್ಮೆ ನಿಧಾನವಾಗಿ ನೋಡಿ. ಇತ್ತೀಚೆಗೆ ಒಬ್ಬ ಗಿರಾಕಿಗೆ ಹೆಸರು ತಗೊಳ್ಳುವಾಗ ನಾನು ಒತ್ತಿದ್ದು ಒಂದೇ ಹೆಸರು, ಒಂದೇ ವರ್ಷಕ್ಕೆ. ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಒಂದು ವರ್ಷ ಮೂರು ವರ್ಷ ಆಗಿತ್ತು. ಕೆಳಗೆ 'ಪೂರ್ತಿ ರಕ್ಷಣೆ' ಅಂತ ಒಂದು ಸಾಲು ಸೇರಿಕೊಂಡಿತ್ತು, ಅದಕ್ಕೆ ಟಿಕ್ ಮೊದಲೇ ಬಿದ್ದಿತ್ತು. ಅದರ ಕೆಳಗೆ ಇಮೇಲ್ ಪ್ಯಾಕ್, ಮೊದಲ ತಿಂಗಳು ಬಿಟ್ಟಿ. ಬೇಡ ಅನ್ನುವ ಬಟನ್ ಹುಡುಕಿದರೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ 'ಬೇಡ, ನನ್ನ ಹೆಸರಿಗೆ ಅಪಾಯ ಇದ್ದರೂ ಪರವಾಗಿಲ್ಲ' ಅನ್ನುವ ಅರ್ಥದ ಮಾತು. ಮೇಲುಗಡೆ ಗಡಿಯಾರ ಬೇರೆ ಓಡುತ್ತಿತ್ತು, ಇಷ್ಟು ನಿಮಿಷದೊಳಗೆ ತಗೊಳ್ಳದಿದ್ದರೆ ಆಫರ್ ಹೋಗುತ್ತದೆ ಅಂತ. ಪುಟ ಮುಚ್ಚಿ ಮತ್ತೆ ತೆರೆದೆ. ಗಡಿಯಾರ ಪಾಪ ಮೊದಲಿಂದ ಶುರು ಮಾಡಿತು.

ಆ 'ರಕ್ಷಣೆ'ಯಲ್ಲಿ ದೊಡ್ಡ ಪಾಲು ನಿಮ್ಮ ವಿಳಾಸ, ಫೋನ್ ನಂಬರ್ ಹೊರಗಿನವರಿಗೆ ಕಾಣದ ಹಾಗೆ ಮುಚ್ಚುವುದು. ಒಂದು ಕಾಲದಲ್ಲಿ ಅದಕ್ಕೆ ಬೆಲೆ ಇತ್ತು. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಬಂದ ಮೇಲೆ ಹೆಚ್ಚಿನ ರಿಜಿಸ್ಟ್ರಾರ್‌ಗಳು ಈ ವಿವರಗಳನ್ನು ತಾವಾಗಿಯೇ ಮುಚ್ಚುತ್ತಾರೆ. ಎಷ್ಟೋ ಕಡೆ ಬಿಟ್ಟಿಯಾಗಿ ಸಿಗುವುದನ್ನು ಇನ್ನೂ ಕೆಲವರು ವರ್ಷಕ್ಕೆ ಇಷ್ಟು ಅಂತ ಮಾರುತ್ತಿದ್ದಾರೆ.

ಈ ಆಟಗಳಿಗೆ ನಮ್ಮಲ್ಲಿ ಕಾನೂನೇ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 'ಡಾರ್ಕ್ ಪ್ಯಾಟರ್ನ್' ಅಂತ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ನಾವು ಕೇಳದ ಸಾಮಾನನ್ನು ಬುಟ್ಟಿಗೆ ಸೇರಿಸುವುದು, ಸುಳ್ಳು ಅವಸರ ಹುಟ್ಟಿಸುವುದು, ಬೇಡ ಅಂದವರಿಗೆ ನಾಚಿಕೆ ಆಗುವ ಹಾಗೆ ಬರೆಯುವುದು, ಮೂರೂ ಆ ಪಟ್ಟಿಯಲ್ಲಿವೆ. ಒಬ್ಬ ಗಿರಾಕಿಗೆ ಹೀಗೆ ಸೇರಿಕೊಂಡಿದ್ದ ಇಮೇಲ್ ಪ್ಯಾಕ್ ದುಡ್ಡು ವಾಪಸ್ ಕೊಡಿ ಅಂತ ಕಂಪನಿಯವರಿಗೆ ಎಷ್ಟು ಬರೆದರೂ ಅಲುಗಾಡಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ, ಬಿಲ್ ಪುಟದ ಸ್ಕ್ರೀನ್‌ಶಾಟ್ ಹಚ್ಚಿದೆ. ದುಡ್ಡು ಬಂತು. ಅದಕ್ಕೇ ಈಗ ದುಡ್ಡು ಕಟ್ಟುವ ಮುಂಚೆ ಪ್ರತಿ ಪುಟದ ಸ್ಕ್ರೀನ್‌ಶಾಟ್ ತೆಗೆದಿಡುತ್ತೇನೆ.

ಇದೆಲ್ಲ ಚಿಲ್ಲರೆ ವಿಷಯ. ಬೆಲ್ಲದ ಗೌಡ್ರ ಕಥೆ ಕೇಳಿ.

ಪಾಂಡವಪುರದ ಕಡೆ ಅವರದ್ದು ಆಲೆಮನೆ. ಕೆಮಿಕಲ್ ಹಾಕದ ಬೆಲ್ಲ ಮಾಡಿ ಡಬ್ಬದಲ್ಲಿ ಮಾರುತ್ತಾರೆ, ಡಬ್ಬದ ಮೇಲೆ ವೆಬ್‌ಸೈಟ್ ಹೆಸರು ಅಚ್ಚು ಹಾಕಿಸಿದ್ದಾರೆ. ಹೆಸರು ತೆಗೆಸಿಕೊಟ್ಟವನು ಒಬ್ಬ ಏಜೆಂಟ್. ಮೊದಲ ವರ್ಷ ಸುಮ್ನೆ ಸ್ವಲ್ಪ ದುಡ್ಡು, ಆಮೇಲೆ ವರ್ಷ ವರ್ಷ ಏರುತ್ತಾ ಹೋಯಿತು. ಬೇರೆ ಕಡೆ ಹೋಗುತ್ತೇವೆ ಅಂದಾಗ ಅವನು ಫೋನಿನಲ್ಲಿ ಹೇಳಿದ್ದು ಹೀಗೆ: "ಕೋಡ್ ಎಲ್ಲ ಕೊಡೋಕೆ ಬರಲ್ಲ ಸಾರ್, ಅದು ಕಂಪನಿ ಪಾಲಿಸಿ. ಟ್ರಾನ್ಸ್‌ಫರ್ ಚಾರ್ಜು ಎಂಟು ಸಾವಿರ ಆಗುತ್ತೆ. ಹಳೆ ಬಾಕಿನೂ ಇದೆ." ಸ್ಪೀಕರ್ ಹಾಕಿಕೊಂಡು ಕೇಳುತ್ತಿದ್ದ ಗೌಡ್ರು, "ಬುಡಿ ಸಾ, ಎಂಟ್ ಸಾವ್ರ ಬಿಸಾಕ್‌ಬುಟ್ಟು ಈಸ್ಕೊಳವಾ" ಅಂದರು. ತಡೀರಿ ಗೌಡ್ರೇ ಅಂದೆ.

ಯಾಕೆ ಅಂದರೆ ಅಂಥ ಪಾಲಿಸಿ ಇರುವುದಕ್ಕೇ ಸಾಧ್ಯವಿಲ್ಲ. ಡಾಟ್ ಕಾಮ್ ಮಾರುವ ಪ್ರತಿ ರಿಜಿಸ್ಟ್ರಾರ್ ಐಕ್ಯಾನ್ ಜೊತೆ ಒಪ್ಪಂದ ಮಾಡಿಕೊಂಡಿರುತ್ತಾನೆ. ಹೆಸರಿನ ಒಡೆಯ ಕೇಳಿದರೆ 5 ದಿನದೊಳಗೆ ಆಥ್ ಕೋಡ್, ಅಂದರೆ ಹೆಸರನ್ನು ಬೇರೆ ರಿಜಿಸ್ಟ್ರಾರ್‌ಗೆ ವರ್ಗಾಯಿಸಲು ಬೇಕಾದ ಗುಟ್ಟಿನ ಕೋಡ್, ಕೊಡಬೇಕು, ಇಲ್ಲವೇ ಒಡೆಯನೇ ಅದನ್ನು ತೆಗೆದುಕೊಳ್ಳುವ ದಾರಿ ತೋರಿಸಬೇಕು. ದುಡ್ಡಿನ ತಕರಾರು ಇದೆ ಅನ್ನುವ ಒಂದೇ ಕಾರಣಕ್ಕೆ ಕೋಡ್ ತಡೆಹಿಡಿಯುವಂತಿಲ್ಲ. ಬಾಕಿ ಇದ್ದರೆ ಅದನ್ನು ಬೇರೆ ವಸೂಲಿ ಮಾಡಿಕೊಳ್ಳಲಿ. ಏಜೆಂಟ್ ಬರೀ ಮರುಮಾರಾಟಗಾರ. ಅವನ ಹಿಂದೆ ಒಬ್ಬ ರಿಜಿಸ್ಟ್ರಾರ್ ಇದ್ದೇ ಇರುತ್ತಾನೆ, ಕೊನೆಗೆ ಜವಾಬ್ದಾರಿ ಅವನದ್ದೇ.

ಆ ರಿಜಿಸ್ಟ್ರಾರ್ ಯಾರು ಅಂತ ಏಜೆಂಟ್ ಬಾಯಿ ಬಿಡಲಿಲ್ಲ. ಕೇಳಿದರೆ ಹೇಳಲೇಬೇಕು ಅಂತ ನಿಯಮ ಇದೆ, ಆದರೂ ಅವನನ್ನು ಕೇಳುತ್ತಾ ಕೂರುವುದು ಯಾಕೆ? ಐಕ್ಯಾನ್‌ನವರದ್ದೇ ಲುಕಪ್ ಪುಟ ಇದೆ. ಅಲ್ಲಿ ಹೆಸರು ಹಾಕಿದರೆ ರಿಜಿಸ್ಟ್ರಾರ್ ಯಾರು, ಅವಧಿ ಯಾವಾಗ ಮುಗಿಯುತ್ತದೆ, ಈಗ ಯಾವ ಸ್ಥಿತಿಯಲ್ಲಿದೆ, ದೂರು ಕೊಡಲು ಇಮೇಲ್ ಯಾವುದು ಎಲ್ಲ ಬರುತ್ತದೆ. 'ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್' ಅಂತ ಇದ್ದರೆ ಗಾಬರಿ ಬೇಡ. ಕಳ್ಳರು ಹೆಸರು ಹೊಡೆದುಕೊಂಡು ಹೋಗದಿರಲಿ ಅಂತ ಹಾಕಿರುವ ಬೀಗ ಅದು, ಒಡೆಯ ಕೇಳಿದರೆ ತೆಗೆಯಬೇಕು.

ನಿಜವಾದ ತೊಡಕು ಬೇರೆ ಕಡೆ ಇತ್ತು. ದಾಖಲೆಯಲ್ಲಿ ಒಡೆಯನ ಜಾಗದಲ್ಲಿ ಗೌಡ್ರ ಹೆಸರೇ ಇತ್ತು, ಆದರೆ ಇಮೇಲ್ ಏಜೆಂಟನದ್ದು. ಇಮೇಲ್ ಯಾರದ್ದೋ ಹೆಸರು ಅವರದ್ದೇ ಅಂತ ತಿಳಿದುಕೊಳ್ಳಿ. ವರ್ಗಾವಣೆ ಕೇಳಿದಾಗ ಒಪ್ಪಿಗೆಯ ಪತ್ರ ಹೋಗುವುದು ಆ ಇಮೇಲ್‌ಗೆ. ಯಾರೂ ಉತ್ತರ ಕೊಡದಿದ್ದರೆ 5 ದಿನಕ್ಕೆ ವರ್ಗಾವಣೆ ತಾನಾಗಿ ನಡೆದುಹೋಗುತ್ತದೆ, ಆದರೆ ಅವನು 'ಬೇಡ' ಅಂತ ಒಂದು ಒತ್ತಿದರೆ ಅಲ್ಲಿಗೆ ನಿಂತಿತು.

ಹಾಗಾಗಿ ಏಜೆಂಟನ ಜೊತೆ ಫೋನ್ ಮಾತು ನಿಲ್ಲಿಸಿ ಎಲ್ಲ ಬರವಣಿಗೆಯಲ್ಲಿ ಮಾಡಿದೆ. ಅವನಿಗೆ ಒಂದು ಇಮೇಲ್: ಈ ಹೆಸರಿನ ಆಥ್ ಕೋಡ್ ಕೊಡಿ, ಇಂಥ ದಿನ ಕೇಳಿದ್ದೇವೆ. ಬೈಗುಳ ಇಲ್ಲ, ಕಥೆ ಇಲ್ಲ. ಐದು ದಿನ ಕಳೆದರೂ ಉತ್ತರ ಬರಲಿಲ್ಲ. ಆಮೇಲೆ ಅದೇ ಇಮೇಲ್ ಹಚ್ಚಿ ನೇರ ರಿಜಿಸ್ಟ್ರಾರ್‌ಗೆ ಬರೆದೆ. ಜೊತೆಗೆ ಗೌಡ್ರ ಜಿಎಸ್‌ಟಿ ಸರ್ಟಿಫಿಕೇಟ್, ಏಜೆಂಟ್ ಕೊಟ್ಟಿದ್ದ ಹಳೇ ಬಿಲ್‌ಗಳು, ಗುರುತಿನ ಚೀಟಿ. ಕೊನೆಯ ಸಾಲಿನಲ್ಲಿ, ಇತ್ಯರ್ಥ ಆಗದಿದ್ದರೆ ಐಕ್ಯಾನ್‌ನ ಒಪ್ಪಂದ ಪಾಲನೆ ವಿಭಾಗಕ್ಕೆ ದೂರು ಕೊಡುತ್ತೇವೆ ಅಂತ. ಆ ದೂರಿಗೆ ದುಡ್ಡಿಲ್ಲ, ಅವರ ವೆಬ್‌ಸೈಟಿನಲ್ಲಿ ಒಂದು ಫಾರಂ ತುಂಬಿದರೆ ಸಾಕು. ನಮ್ಮ ದುಡ್ಡು ಅವರು ವಾಪಸ್ ಕೊಡಿಸುವುದಿಲ್ಲ, ಬೆಲೆ ಜಾಸ್ತಿ ಅಂದರೆ ಕೇಳುವುದೂ ಇಲ್ಲ. ಆದರೆ ಒಪ್ಪಂದ ಮುರಿದ ರಿಜಿಸ್ಟ್ರಾರ್‌ನ ಮಾನ್ಯತೆಯನ್ನೇ ಕಿತ್ತುಕೊಳ್ಳುವ ಅಧಿಕಾರ ಇದೆ. 2007ರಲ್ಲಿ ರಿಜಿಸ್ಟರ್‌ಫ್ಲೈ ಅನ್ನುವ ಕಂಪನಿಗೆ ಹಾಗೆ ಮಾಡಿಯೂ ಇದ್ದಾರೆ. ಅದಕ್ಕೇ ಆ ಒಂದು ಸಾಲಿಗೆ ಬೆಲೆ.

ರಿಜಿಸ್ಟ್ರಾರ್ ದಾಖಲೆ ನೋಡಿ, ಹೆಸರನ್ನು ಏಜೆಂಟನ ಖಾತೆಯಿಂದ ತೆಗೆದು ಗೌಡ್ರ ಹೆಸರಲ್ಲಿ ತಮ್ಮಲ್ಲೇ ಹೊಸ ಖಾತೆ ಮಾಡಿ ಹಾಕಿಕೊಟ್ಟರು. ಇಮೇಲ್ ಗೌಡ್ರದ್ದಾಯಿತು. ಆದರೆ ಒಡೆಯನ ಹೆಸರನ್ನೋ ಇಮೇಲನ್ನೋ ಬದಲಾಯಿಸಿದರೆ ಅಲ್ಲಿಂದ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಹೋಗದಂತೆ ಬೀಗ ಬೀಳಬಹುದು. ಬೀಗ ಬೇಡ ಅಂತ ಮೊದಲೇ ಹೇಳುವ ಅವಕಾಶವನ್ನು ಕೆಲವರು ಕೊಡುತ್ತಾರೆ, ಇವರು ಕೊಡಲಿಲ್ಲ. ನಮಗೆ ಅವಧಿ ಇನ್ನೂ ಬಹಳ ಇತ್ತು, ಕಾದೆವು. ಇಮೇಲ್ ನಿಮ್ಮ ಕೈಯಲ್ಲೇ ಇದ್ದರೆ ಮೊದಲು ವರ್ಗಾವಣೆ ಮುಗಿಸಿ, ಆಮೇಲೆ ವಿವರ ತಿದ್ದಿ. ಉಲ್ಟಾ ಮಾಡಿದರೆ ಎರಡು ತಿಂಗಳು ಸುಮ್ನೆ ಕೂರಬೇಕಾಗುತ್ತದೆ.

ಕಾಯುವ ಹೊತ್ತಿನಲ್ಲಿ ಇನ್ನೊಂದು ಕೆಲಸ ಮಾಡಿದೆ. ಗೌಡ್ರ ಮೇಲ್ ಎಲ್ಲಿಗೆ ಹೋಗಬೇಕು, ವೆಬ್‌ಸೈಟ್ ಯಾವ ಸರ್ವರ್‌ನಲ್ಲಿದೆ ಅನ್ನುವ ಡಿಎನ್ಎಸ್ ಸಾಲುಗಳೆಲ್ಲ ಏಜೆಂಟನ ನೇಮ್‌ಸರ್ವರ್‌ನಲ್ಲಿ, ಅಂದರೆ ಆ ಸಾಲುಗಳನ್ನು ಇಟ್ಟುಕೊಳ್ಳುವ ಕಂಪ್ಯೂಟರಿನಲ್ಲಿ, ಇದ್ದವು. ಹೆಸರು ಹೋಯಿತು ಅಂತ ಗೊತ್ತಾದ ತಕ್ಷಣ ಅವನು ಅದನ್ನು ಅಳಿಸಿದರೆ ವೆಬ್‌ಸೈಟೂ ಇಲ್ಲ, ಮೇಲೂ ಇಲ್ಲ, ಆರ್ಡರೂ ಇಲ್ಲ. ಎಲ್ಲ ಸಾಲುಗಳನ್ನೂ ಬರೆದುಕೊಂಡು ಬೇರೆ ಕಡೆ ಹಾಕಿ, ನೇಮ್‌ಸರ್ವರ್ ಬದಲಾಯಿಸಿ, ಪರೀಕ್ಷೆ ಮಾಡಿ ಆಮೇಲೆ ಹೆಸರು ಸಾಗಿಸಿದೆ. ಬೆಲ್ಲದ ಆರ್ಡರ್ ಒಂದೂ ತಪ್ಪಲಿಲ್ಲ. ಎಂಟು ಸಾವಿರ ಗೌಡ್ರ ಜೇಬಿನಲ್ಲೇ ಉಳಿಯಿತು. ವರ್ಗಾವಣೆಗೆ ಕೊಟ್ಟ ದುಡ್ಡೂ ದಂಡ ಅಲ್ಲ. ಡಾಟ್ ಕಾಮ್‌ನಲ್ಲಿ ಇರುವ ಅವಧಿಗೆ ಇನ್ನೊಂದು ವರ್ಷ ಸೇರುತ್ತದೆ.

ಇನ್ನು ಗೋಕುಲಂನ ಯೋಗಶಾಲೆ. ಅವರಿಗೆ ವಿದ್ಯಾರ್ಥಿಗಳು ಹೊರದೇಶದಿಂದ ಬರುತ್ತಾರೆ, ವೆಬ್‌ಸೈಟ್ ನಿಂತರೆ ಬುಕಿಂಗ್ ನಿಂತ ಹಾಗೆ. ಒಂದು ಬೆಳಿಗ್ಗೆ ನೋಡಿದರೆ ಅವರ ಪುಟದ ಜಾಗದಲ್ಲಿ ಜಾಹೀರಾತು, ಅದೂ ಬೇರೆ ಯೋಗಶಾಲೆಗಳದ್ದು! ಅವಧಿ ಮುಗಿದಿತ್ತು. ಆಟೋ ರಿನ್ಯೂವಲ್ ಹಾಕಿದ್ದರು, ಆದರೆ ಕಾರ್ಡ್‌ನಿಂದ ದುಡ್ಡು ಹೋಗಿರಲಿಲ್ಲ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಪ್ರತಿ ಸಲ ತಾನಾಗಿ ಹೋಗುವ ಪಾವತಿಗೆ ಮೊದಲೇ ಅನುಮತಿ ನೋಂದಾಯಿಸಿರಬೇಕು. ಆ ವ್ಯವಸ್ಥೆ ಇಲ್ಲದ ಹೊರದೇಶದ ಕಂಪನಿಗಳಿಗೆ ನಮ್ಮ ಬ್ಯಾಂಕುಗಳು ಇಲ್ಲ ಅಂದುಬಿಡುತ್ತವೆ. ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು, ಒಂದು ವಾರ ಮೊದಲು, ಮುಗಿದ 5 ದಿನದೊಳಗೆ ರಿಜಿಸ್ಟ್ರಾರ್ ನೋಟಿಸ್ ಕಳಿಸಲೇಬೇಕು. ಕಳಿಸಿದ್ದರು, ಕೆಲಸ ಬಿಟ್ಟುಹೋದ ಮ್ಯಾನೇಜರ್ ಇಮೇಲ್‌ಗೆ.

ಇಲ್ಲಿಯವರೆಗೆ ರಿಜಿಸ್ಟ್ರಾರ್ ತಪ್ಪೇನಿಲ್ಲ. ಆಮೇಲೆ ಶುರುವಾಯಿತು. ಸಹಾಯಕ್ಕೆ ಕೇಳಿದರೆ 'ನಿಮ್ಮ ಹೆಸರು ರಿಡೆಂಪ್ಷನ್‌ಗೆ ಹೋಗಿದೆ, ಬಿಡಿಸಲು ಇಷ್ಟಾಗುತ್ತದೆ' ಅಂತ ಮಾಮೂಲಿ ನವೀಕರಣದ ಎಷ್ಟೋ ಪಟ್ಟು ದುಡ್ಡು ಹೇಳಿದರು. ಲುಕಪ್ ಪುಟ ತೆರೆದು ನೋಡಿದೆ. ಅಲ್ಲಿ ಇದ್ದಿದ್ದು 'ಆಟೋ ರಿನ್ಯೂ ಪೀರಿಯಡ್'. ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಡಾಟ್ ಕಾಮ್‌ನಲ್ಲಿ ಅವಧಿ ಮುಗಿದ ಮೇಲೆ 45 ದಿನದವರೆಗೆ ಈ ಆಟೋ ರಿನ್ಯೂ ಪೀರಿಯಡ್, ಅದು ಮೊದಲ ಹಂತ. ಆಗ ರಿಜಿಸ್ಟ್ರಾರ್‌ಗೆ ಮೇಲಿನಿಂದ ವಿಶೇಷ ಖರ್ಚೇನೂ ಬೀಳುವುದಿಲ್ಲ. ರಿಜಿಸ್ಟ್ರಾರ್ ಹೆಸರನ್ನು ಅಳಿಸಿದ ಮೇಲೆ 30 ದಿನ ರಿಡೆಂಪ್ಷನ್, ಆಗ ವೆರಿಸೈನ್ ಬಿಡಿಸಲು 40 ಡಾಲರ್ ಕೇಳುತ್ತದೆ, ರಿಜಿಸ್ಟ್ರಾರ್ ಅದರ ಮೇಲೆ ತನ್ನದನ್ನು ಸೇರಿಸುತ್ತಾನೆ. ಕೊನೆಯ 5 ದಿನ ಯಾರೂ ಏನೂ ಮಾಡುವಂತಿಲ್ಲ. ಮೊದಲ ಹಂತದಲ್ಲೇ ಎರಡನೇ ಹಂತದ ದುಡ್ಡು ಕೇಳುವುದು ಅಂದರೆ ಏನು? ಲುಕಪ್ ಪುಟದ ಚಿತ್ರ, ಅವರದೇ ಬೆಲೆಪಟ್ಟಿಯ ಚಿತ್ರ ಎರಡನ್ನೂ ಕಳಿಸಿದೆ. ಈ ದರಗಳನ್ನು ಗಿರಾಕಿಗೆ ಕಾಣುವ ಹಾಗೆ ಹಾಕಬೇಕು ಅಂತ ನಿಯಮ ಇರುವುದರಿಂದ ಪಟ್ಟಿ ಎಲ್ಲೋ ಮೂಲೆಯಲ್ಲಾದರೂ ಇರುತ್ತದೆ. 'ಸಿಸ್ಟಂನಲ್ಲಿ ತಪ್ಪಾಗಿತ್ತು' ಅಂತ ಉತ್ತರ ಬಂತು, ಮಾಮೂಲಿ ದರಕ್ಕೆ ನವೀಕರಣ ಆಯಿತು. ಮೊದಲ ಹಂತ ಇದೆ ಅಂತ ಆರಾಮಾಗಿ ಇರಬೇಡಿ ಮತ್ತೆ. ಎಷ್ಟೋ ರಿಜಿಸ್ಟ್ರಾರ್‌ಗಳು ಅದೇ ಹೊತ್ತಿನಲ್ಲಿ ಹೆಸರನ್ನು ಹರಾಜಿಗೆ ಇಟ್ಟುಬಿಡುತ್ತಾರೆ.

ಗಿರಾಕಿಗಳು ಕೇಳುವ ಇನ್ನೊಂದು ಪ್ರಶ್ನೆ, ನಿನ್ನೆ ಹುಡುಕಿದ ಹೆಸರು ಇವತ್ತು ಯಾರೋ ತಗೊಂಡಿದ್ದಾರೆ, ರಿಜಿಸ್ಟ್ರಾರ್‌ನವರೇ ಮಾಡಿದ್ದಾ ಅಂತ. ಈ ಅನುಮಾನ ಗಾಳಿಯಲ್ಲಿ ಹುಟ್ಟಿದ್ದಲ್ಲ. 2008ರ ಜನವರಿಯಲ್ಲಿ ಅಮೆರಿಕದ ದೊಡ್ಡ ರಿಜಿಸ್ಟ್ರಾರ್ ಒಂದು ಜನ ಹುಡುಕಿದ ಹೆಸರುಗಳನ್ನು ತಾನೇ ಹಿಡಿದಿಟ್ಟುಕೊಂಡು, ತಮ್ಮಲ್ಲೇ ತಗೊಳ್ಳಬೇಕು ಅನ್ನುವ ಹಾಗೆ ಮಾಡಿತ್ತು. 5 ದಿನದೊಳಗೆ ಹೆಸರು ವಾಪಸ್ ಮಾಡಿದರೆ ದುಡ್ಡು ಪೂರ್ತಿ ವಾಪಸ್ ಅನ್ನುವ ಸೌಲಭ್ಯವನ್ನು ಬಳಸಿಕೊಂಡರು. ಆಮೇಲೆ ಐಕ್ಯಾನ್ ಅದಕ್ಕೆ ಮಿತಿ ಹಾಕಿದ್ದರಿಂದ ಆ ಆಟ ಬಹುಪಾಲು ನಿಂತಿತು. ಆದರೂ ನಾನು ಹೆಸರು ಹುಡುಕುವುದು ಐಕ್ಯಾನ್ ಲುಕಪ್‌ನಲ್ಲೇ, ಖಾಲಿ ಇದ್ದರೆ ಅವತ್ತೇ ತಗೊಳ್ಳುತ್ತೇನೆ.

ಗೌಡ್ರದ್ದು ಒಂದು ಡಾಟ್ ಇನ್ ಹೆಸರೂ ಇದೆ, ಅದು ಇನ್ನೂ ಅದೇ ಏಜೆಂಟ್ ಹತ್ತಿರ. ಡಾಟ್ ಇನ್ ನೋಡಿಕೊಳ್ಳುವುದು ನಮ್ಮ ದೇಶದ ನಿಕ್ಸಿ ಅನ್ನುವ ಸಂಸ್ಥೆ, ಐಕ್ಯಾನ್ ದೂರಿನ ಫಾರಂ ಅಲ್ಲಿ ನಡೆಯುವುದಿಲ್ಲ. ರಿಜಿಸ್ಟ್ರಾರ್‌ಗೆ ಬರೆದಾಗಿದೆ, ನಿಕ್ಸಿಗೆ ಪ್ರತಿ ಹಾಕಿದ್ದೇನೆ, ಟಿಕೆಟ್ ನಂಬರ್ ಬಂದಿದೆ. ಮೊನ್ನೆ ಏಜೆಂಟ್ ಫೋನ್ ಮಾಡಿ, ಎರಡು ಸಾವಿರಕ್ಕೆ ಮುಗಿಸಿಬಿಡೋಣ ಅಂದನಂತೆ. ಗೌಡ್ರು ಕೇಳಿದ್ದು ಒಂದೇ ಮಾತು: "ಅದ್ನೇ ಇಮೇಲ್‌ನಲ್ಲಿ ಬರ್ದು ಕಳ್ಸಪ್ಪ."